ಶ್‌ಶ್ ಮಾವನ ಊರುಗೋಲು

ಇನ್ನೂ ಬೆಳಕು ಹರಿದಿಲ್ಲ. ಬೆಟ್ಟದ ನೆತ್ತಿಯಲ್ಲಿರುವ ಎರಡು ಕೋಣೆಯ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಅವರು ತಮ್ಮ ಊರುಗೋಲಿಗೆ ಬಟ್ಟೆ ತೊಡಿಸುತ್ತಿದ್ದಾರೆ. ಮೊದಲು ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ, ಎಳೆದೆಳೆದು ಬಿಗಿಯಾಗಿ. ಅದರ ಮೇಲೊಂದು ಹಳೇ ಸಾಕ್ಸು. ಸಾಕ್ಸಿನ ಕುತ್ತಿಗೆಗೆ ದಾರ. ಆಮೇಲೆ ಕೋಲನ್ನು ನೆಲಕ್ಕೆ ಊರಿ, ತಲೆ ವಾಲಿಸಿ ಕೇಳಿಸಿಕೊಳ್ಳುತ್ತಾರೆ. ಏನೂ ಕೇಳಿಸುವುದಿಲ್ಲ. ಆದರೂ ಮನಸ್ಸು ಒಪ್ಪುವುದಿಲ್ಲ. ದಾರ ಬಿಚ್ಚಿ ಇನ್ನೊಂದು ಸುತ್ತು ರಬ್ಬರು.

"ಕೋಲಿಗೆ ಸಾಕ್ಸು ಹಾಕೋ ಮಹಾನುಭಾವರು ಇಡೀ ಲೋಕದಲ್ಲಿ ಇವರೊಬ್ಬರೇ," ಒಳಗಿನಿಂದ ಹೆಂಡತಿಯ ದನಿ. "ತಾವು ಮಾತ್ರ ಬರಿಗಾಲು."

"ಮೆಲ್ಲಗೆ ಮಾತಾಡೇ."

"ಯಾಕೆ, ಮಾತಿಗೂ ನಿಮ್ಮ ಮಿಷನ್ ಅಲ್ಲಾಡತ್ತಾ?"

"ಅಲ್ಲಾಡಲ್ಲ. ಅಭ್ಯಾಸ."

ಕೆಳಗಿನ ಊರಿನ ಮಕ್ಕಳು ಅವರಿಗಿಟ್ಟ ಹೆಸರು ‘ಶ್‌ಶ್ ಮಾವ’. ಬೇಲಿಯ ಹತ್ತಿರ ಯಾರಾದರೂ ಓಡಲಿ, ಕುಣಿಯಲಿ, ಕಲ್ಲೆಸೆಯಲಿ, ಮಾವನ ಬೆರಳು ತಾನೇ ತಾನಾಗಿ ತುಟಿಗೆ ಹೋಗುತ್ತದೆ. ಅವರದ್ದು ಭೂಕಂಪ ಅಳೆಯುವ ಕೇಂದ್ರದ ಕಾವಲು ಕೆಲಸ. ಅಟೆಂಡರ್ ಅಂತ ಕಾಗದದಲ್ಲಿದೆ, ಅದೂ ಗುತ್ತಿಗೆಯ ಅಟೆಂಡರ್. ಇಪ್ಪತ್ತಾರು ವರ್ಷ ಕಳೆದರೂ ಆ ‘ಗುತ್ತಿಗೆ’ ಅನ್ನುವ ಪದ ಹೆಸರಿನ ಹಿಂದೆಯೇ ಅಂಟಿಕೊಂಡಿದೆ, ಬಟ್ಟೆಗೆ ಅಂಟಿದ ಹಲಸಿನ ಮೇಣದ ಹಾಗೆ.

ಮನೆಯಿಂದ ಕೂಗಳತೆಯಲ್ಲಿ ಒಂದು ಕಬ್ಬಿಣದ ಬಾಗಿಲು. ಬಾಗಿಲ ಹಿಂದೆ ಕೆಳಗಿಳಿಯುವ ಮೆಟ್ಟಿಲು, ಹಸಿ ಸಿಮೆಂಟಿನ ವಾಸನೆ, ಜಿನುಗುವ ಗೋಡೆ. ಮಾವ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ, ಎಡ ಮಂಡಿ ಬಗ್ಗುವುದಿಲ್ಲ, ಹಾಗಾಗಿ ಅರ್ಧ ಮೈಭಾರ ಕೋಲಿನ ಮೇಲೆ. ಕೆಳಗೆ ನೆಲಮಾಳಿಗೆಯ ನಡುವೆ ಮೊಳಕಾಲೆತ್ತರದ ಕಾಂಕ್ರೀಟ್ ಕಟ್ಟೆ. ಕೋಣೆಯ ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ನೇರವಾಗಿ ಬೆಟ್ಟದ ಬಂಡೆಯಿಂದಲೇ ಎದ್ದಿದೆ. ಅದರ ಮೇಲೆ, ಥರ್ಮೋಕೋಲ್ ಡಬ್ಬದೊಳಗೆ, ಸಣ್ಣ ಬಕೆಟ್ಟಿನಷ್ಟೇ ಇರುವ ಯಂತ್ರ. ಅದೇ ಭೂಮಿಗಿಟ್ಟ ಕಿವಿ.

ಬ್ಯಾಟರಿ ಸರಿಯಿದೆಯೇ, ವೈರನ್ನು ಇಲಿ ಕಚ್ಚಿದೆಯೇ, ಗೋಡೆಯ ನೀರು ಕಟ್ಟೆಯ ಕಡೆ ಹರಿದಿದೆಯೇ ಎಂದು ನೋಡುತ್ತಾರೆ. ಚಿಂದಿ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯುತ್ತಾರೆ, ಮಗುವಿನ ಮೈ ಒರೆಸುವ ಹಾಗೆ. ದಿನಕ್ಕೊಮ್ಮೆ ಹೀಗೆ ಒಳಗೆ ಬರಲು ಗೊತ್ತುಮಾಡಿದ ಹೊತ್ತಿದೆ, ಆ ಹೊತ್ತಿನ ಅಲುಗಾಟ ಲೆಕ್ಕಕ್ಕಿಲ್ಲ. ಉಳಿದ ಹೊತ್ತಿನಲ್ಲಿ ಬೇಲಿಯೊಳಗೆ ತೆಂಗಿನಕಾಯಿ ಒಡೆದರೂ ಅದು ಗೆರೆಯಾಗಿ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಮೂಡುತ್ತದೆ.

"ಭೂಕಂಪ ಎಲ್ಲಾಯ್ತು ಅಂತ ಹೇಳೋಕೆ ಕಮ್ಮಿ ಅಂದ್ರೂ ಮೂರು ಕಿವಿ ಬೇಕಂತೆ," ಮಾವ ಹೇಳುತ್ತಾರೆ. "ಒಂದು ಕಿವೀಗೆ ಸದ್ದು ಕೇಳ್ಸತ್ತೆ, ದಿಕ್ಕು ಗೊತ್ತಾಗಲ್ಲ. ಈ ಸುತ್ತಮುತ್ತ ಇರೋದೇ ಮೂರು. ಅದ್ರಲ್ಲಿ ಒಂದು ಇದು."

ಈ ಗುಂಡಿ ತೋಡಿದವರೂ ಅವರೇ. ಮದುವೆಗೆ ಮುಂಚೆ ಇಲ್ಲಿ ದಿನಗೂಲಿಗೆ ಬಂದಿದ್ದರು. ಆಗ ಉಸ್ತುವಾರಿಗಿದ್ದ ಗಡ್ಡದ ವಿಜ್ಞಾನಿ ಹತ್ತಾರು ಕೂಲಿಯವರು ನಡೆಯುವುದನ್ನು ನೋಡಿ ನೋಡಿ, "ನಿನ್ನ ಕಾಲು ಹಗುರ, ನೀನಿಲ್ಲೇ ಇರು" ಅಂದರಂತೆ. ಸಂದರ್ಶನ, ಪರೀಕ್ಷೆ ಎಲ್ಲ ಅಷ್ಟೇ. ನಡಿಗೆ ನೋಡಿ ಕೊಟ್ಟ ಕೆಲಸ.

ಹೆಂಡತಿ ಬಂದ ಮೊದಲ ದಿನವೇ, ಮೆಲ್ಲಗೆ ನಡೀಬೇಕು ಅಂತ ಮಾವ ಹೇಳಿಬಿಟ್ಟಿದ್ದರು.

"ನಾನೆಲ್ಲೋ ಅತ್ತೆ ಮಲಗಿರ್ಬೇಕು ಅಂದ್ಕೊಂಡೆ," ಅವರು ನೆನಪಿಸಿಕೊಳ್ಳುತ್ತಾರೆ. "ಮನೆ ಎಲ್ಲ ಹುಡುಕಿದ್ರೂ ಅತ್ತೆ ಇಲ್ಲ. ಆಮೇಲೆ ಗೊತ್ತಾಯ್ತು, ನಮ್ಮತ್ತೆ ನೆಲದಡಿ ಇದ್ದಾಳೆ ಅಂತ. ಬೇರೆ ಅತ್ತೇರು ಮಧ್ಯಾಹ್ನವಾದ್ರೂ ಕಣ್ಣು ಮುಚ್ತಾರೆ. ಇವಳು ನಾನು ಬಂದಾಗಿಂದ ರೆಪ್ಪೆ ಬಡಿದಿಲ್ಲ."

ಈ ಅತ್ತೆ ಸೊಸೆಯ ಮೇಲೆ ಚಾಡಿ ಹೇಳಿದ ಕಥೆಯೊಂದಿದೆ. ಮದುವೆಯಾದ ಹೊಸತರಲ್ಲಿ ಪ್ರಧಾನ ಕಚೇರಿಯ ವಿಜ್ಞಾನಿಗಳಿಗೆ ಈ ಬೆಟ್ಟದ ಕೆಳಗೆ ಏನೋ ಸಣ್ಣ ಸಣ್ಣ ಕಂಪನ ಕಾಣಿಸಿಕೊಳ್ಳತೊಡಗಿತು. ದಿನಾ ಬೆಳಗ್ಗೆ, ಸಾಲು ಸಾಲಾಗಿ. ಬಂಡೆ ಬಿರುಕು ಬಿಡುತ್ತಿದೆ ಅಂತ ಒಬ್ಬರು, ಕೆಳಗಿನ ಜಲಾಶಯದ ನೀರಿನ ಭಾರ ಅಂತ ಇನ್ನೊಬ್ಬರು. ಜೀಪಿನಲ್ಲಿ ಹೆಚ್ಚಿನ ಯಂತ್ರಗಳು ಬಂದವು. ಬೆಟ್ಟದ ಮೇಲೆ ಟೆಂಟು ಬಿತ್ತು. ಮೂರನೇ ದಿನ ಬೆಳಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದ ಒಬ್ಬ ಕಿರಿಯ ವಿಜ್ಞಾನಿ ಕಂಡದ್ದೇನು? ಮನೆಯ ಹಿಂದೆ, ಬಂಡೆಯ ಮೇಲೆ ನೆಟ್ಟ ಒಗೆಯುವ ಕಲ್ಲಿಗೆ ಹೊಸ ಸೊಸೆ ಬೆಡ್‌ಶೀಟು ಎತ್ತಿ ಎತ್ತಿ ಬಡಿಯುತ್ತಿದ್ದಾರೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೆಂಟು ಕಿತ್ತರು. ಹೋಗುವಾಗ ಒಗೆಯುವ ಕಲ್ಲನ್ನೂ ಕೀಳಿಸಿದರು. ಆ ಬಳಿಕ ಕಚೇರಿಯಿಂದ ಬಂದವರೆಲ್ಲ ‘ಭೂಕಂಪದಮ್ಮ ಎಲ್ಲಿ’ ಅಂತಲೇ ಕೇಳುತ್ತಿದ್ದರು. ಹೆಂಡತಿ ಮಾತ್ರ ನಗಲಿಲ್ಲ. ಅಂದಿನಿಂದ ಬಕೆಟ್ಟಿನಲ್ಲಿ ಬಟ್ಟೆ ತಿಕ್ಕಿ ತಿಕ್ಕಿ ಅಂಗೈ ಚರ್ಮ ಉಗುರಿನ ಹಾಗೆ ಗಟ್ಟಿಯಾಗಿದೆ.

"ತಪ್ಪು ನಂದೇ, ಒಪ್ಕೋತೀನಿ," ಅನ್ನುತ್ತಾರೆ. "ಆದ್ರೆ ಒಂದು ಕೊಳೆ ಬಟ್ಟೆ ಒಗೆಯೋದನ್ನ ಅಷ್ಟು ದೊಡ್ಡ ದೊಡ್ಡೋರು ಜೀಪಲ್ಲಿ ಬಂದು ನೋಡ್ಬೇಕಾಯ್ತಲ್ಲ."

ಮಗಳು ಈ ಮನೆಯಲ್ಲಿ ಓಡಿ ಆಡಿದವಳಲ್ಲ. ಹಗ್ಗದಾಟ, ಕುಂಟಾಟ ಎಲ್ಲ ಬೇಲಿಯ ಆಚೆ. ಈಗ ಮದುವೆಯಾಗಿ ಹೋದ ಮನೆಯಲ್ಲಿ ಅವಳ ಹೆಜ್ಜೆ ಯಾರಿಗೂ ಕೇಳಿಸುವುದಿಲ್ಲ. ಹಿಂದೆ ಬಂದು ನಿಂತರೆ ಅತ್ತೆಗೆ ಎದೆ ಧಸಕ್ಕೆನ್ನುತ್ತದೆ. ಕೊನೆಗೆ ಆಕೆ ಇಡೀ ಮನೆಯ ಬೀಗದ ಕೈಗೊಂಚಲನ್ನು ಸೊಸೆಯ ಸೊಂಟಕ್ಕೆ ಸಿಗಿಸಿಬಿಟ್ಟರು. "ಬಂದ ವಾರಕ್ಕೇ ಮನೆ ಯಜಮಾನಿಕೆ ಸಿಕ್ತು ಅಂತ ಮಗಳು ಖುಷಿಪಟ್ಟಿದ್ಲು," ಮಾವ ನಗುತ್ತಾರೆ, ಸದ್ದಿಲ್ಲದೆ, ಭುಜ ಮಾತ್ರ ಅಲುಗುತ್ತದೆ. "ಬೆಕ್ಕಿಗೆ ಗಂಟೆ ಕಟ್ಟಿದ್ದು ಅಂತ ಆಮೇಲೆ ಗೊತ್ತಾಯ್ತು."

ಹೆಮ್ಮೆಯೇ ಇಲ್ಲವೇ? ಇದೆ. ಹಿಂದೆ ಪೆನ್ನು ಮತ್ತು ಸುರುಳಿ ಕಾಗದದ ಕಾಲವಿತ್ತು. ಮಾವ ಬೆಳಗ್ಗೆ ಕಾಗದ ಬದಲಿಸಬೇಕಿತ್ತು. ಒಂದು ದಿನ ಹಾಗೆ ಬದಲಿಸುತ್ತಿದ್ದಾಗ ಪೆನ್ನು ಇದ್ದಕ್ಕಿದ್ದಂತೆ ಕಾಗದದ ಈ ಅಂಚಿನಿಂದ ಆ ಅಂಚಿಗೆ ಹೊಡೆದುಕೊಳ್ಳತೊಡಗಿತು.

"ಬೆಟ್ಟ ಸುಮ್ನಿದೆ. ಪಕ್ಕದಲ್ಲಿಟ್ಟ ಲೋಟದ ನೀರೂ ಅಲ್ಲಾಡ್ತಿಲ್ಲ. ಪೆನ್ನಿಗೆ ಮಾತ್ರ ಹುಚ್ಚು ಹಿಡಿದಂಗೆ. ಸಮುದ್ರದಾಚೆ ಎಲ್ಲೋ ಯಾರದೋ ಮನೆ ಬೀಳ್ತಿದೆ, ಅದು ನಂಗಿಲ್ಲಿ ಗೊತ್ತಾಗ್ತಿದೆ. ಏನ್ಮಾಡ್ಲಿ? ಉಸಿರು ಬಿಗಿಹಿಡಿದು ನಿಂತೆ. ಅವರ ಸಂಕಟದ ನಡುವೆ ನನ್ನ ಕಾಲಿನ ಗೆರೆ ಸೇರಬಾರದು ಅಂತ."

ಆ ಕಾಗದ ಎಷ್ಟೋ ಪ್ರಬಂಧಗಳಲ್ಲಿ ಅಚ್ಚಾಯಿತು. ಕೊನೆಯಲ್ಲಿ ‘ಸಿಬ್ಬಂದಿಗೆ ವಂದನೆ’ ಅಂತಿತ್ತಂತೆ. ಸಿಬ್ಬಂದಿ ಅಂದರೆ ತಾನೇ ಇರಬೇಕು ಅಂತ ಮಾವನ ಅಂದಾಜು.

ಇಷ್ಟು ಜೋಪಾನದ ಮೌನಕ್ಕೆ ಕಲ್ಲು ಬಿದ್ದದ್ದು ಎರಡು ವರ್ಷದ ಹಿಂದೆ. ಬೆಟ್ಟದ ಬೆನ್ನಿಗೆ ಜಲ್ಲಿ ಕ್ರಷರ್ ಬಂತು. ಬಂಡೆ ಸಿಡಿಸುವುದು, ಪುಡಿ ಮಾಡುವುದು, ಲಾರಿಗೆ ಸುರಿಯುವುದು, ಬೆಳಗಿನಿಂದ ಕತ್ತಲಾಗುವವರೆಗೆ. ಮನೆಯ ಕಪಾಟಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಅನ್ನುತ್ತವೆ, ನಡುವೆ ಬಟ್ಟೆ ತುರುಕಿಟ್ಟಿದ್ದಾರೆ. ಹೆಂಡತಿ ತುದಿಗಾಲಲ್ಲಿ ನಡೆಯುವ ಮನೆಯ ಪಕ್ಕದಲ್ಲೇ ಬೆಟ್ಟ ಒಡೆಯುತ್ತಿದ್ದಾರೆ. ಮಾವ ಕಚೇರಿಗೆ ಫೋನ್ ಮಾಡಿದರು, ಮತ್ತೆ ಮಾಡಿದರು. ಕ್ರಷರಿನ ಧಣಿಯ ಕೈ ಉದ್ದ ಅಂತ ಅತ್ತ ಕಡೆಯವರು ದನಿ ತಗ್ಗಿಸಿ ಹೇಳಿದರು. ಅವರೂ ಶ್‌ಶ್ ಅಂದರು, ಅಷ್ಟೇ.

ಕೊನೆಗೆ, ಈ ಕೇಂದ್ರದ ಗೆರೆಗಳು ಯಾಕೆ ಕೆಟ್ಟಿವೆ ಎಂದು ನೋಡಲು ಒಂದು ಸಮಿತಿ ಬಂತು. ಬರುವ ದಿನ ಮೊದಲೇ ಎಲ್ಲರಿಗೂ ಗೊತ್ತಿತ್ತು, ಧಣಿಗೂ ಸಹ. ಅಂದು ಕ್ರಷರ್ ಬಾಯಿ ಮುಚ್ಚಿಕೊಂಡಿತ್ತು. ಎರಡು ವರ್ಷದಲ್ಲಿ ಮೊದಲ ಬಾರಿ ಹಕ್ಕಿ ಕೂಗಿದ್ದು ಕೇಳಿಸಿತು. ಮಾವನಿಗೆ ಸಂಭ್ರಮ. ಮನೆಯ ಕುರ್ಚಿ ಹೊರಗೆ ತಂದರು, ನೀರು ತಂದರು, ಟೀ ತಂದರು, ಛತ್ರಿ ತಂದರು. ಮಂಡಿ ಹೋದಮೇಲೆ ಹಿಡಿದ ಊರುಗೋಲು, ತುದಿಯ ರಬ್ಬರು ಸವೆದು ಬರೀ ಮರ. ಸಂಭ್ರಮದಲ್ಲಿ ಅದನ್ನೂ ಮರೆತು ಮನೆಗೂ ಯಂತ್ರಕ್ಕೂ ನಡುವೆ ಟಕ್ ಟಕ್ ಅಂತ ಓಡಾಡಿದ್ದೇ ಓಡಾಡಿದ್ದು.

ಸಮಿತಿಯ ಹಿರಿಯರು ಲ್ಯಾಪ್‌ಟಾಪಿನ ಪರದೆ ನೋಡುತ್ತಾ ಕೇಳಿದರು, "ಇದ್ಯಾವುದ್ರೀ ಈ ಮುಳ್ಳು ಮುಳ್ಳು ಗೆರೆ?"

ಮಾವ ಟೀ ತಟ್ಟೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದರು. ಪರದೆಯಲ್ಲಿ ಎರಡು ಮುಳ್ಳು ಮೂಡಿದವು. ಎಲ್ಲರ ಕಣ್ಣೂ ಕೋಲಿನ ಮೇಲೆ.

ವರದಿಯಲ್ಲಿ ಬಂದದ್ದು ಒಂದೇ ಸಾಲು. ಅಟೆಂಡರ್ ಕುಟುಂಬದ ವಾಸದಿಂದಾಗಿ ಕೇಂದ್ರಕ್ಕೆ ಅಡಚಣೆ. ಆ ಸಾಲಿನ ಬಾಲಕ್ಕೆ ಉಳಿದದ್ದೆಲ್ಲ ಕಟ್ಟಿಕೊಂಡು ಬಂತು. ಯಂತ್ರ ಬೇರೆ ಬೆಟ್ಟಕ್ಕೆ, ಅಲ್ಲಿ ಅಟೆಂಡರಿಗೆ ಮನೆ ಇಲ್ಲ, ಮನೆ ಇಲ್ಲದ ಮೇಲೆ ಅಟೆಂಡರೂ ಬೇಡ. ಯಂತ್ರದ ಜೊತೆ ತಾನೂ ಹೋಗುತ್ತೇನೆ ಅಂದುಕೊಂಡಿದ್ದ ಮಾವನಿಗೆ ಕ್ವಾರ್ಟರ್ಸ್ ಖಾಲಿ ಮಾಡುವ ಆದೇಶ ಬಂತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಹೆಂಡತಿ ಅಂದರಂತೆ.

ಸಮಿತಿಯ ಜೊತೆ ಬಂದಿದ್ದ ಸಂಶೋಧಕಿಯೊಬ್ಬರು, ಇನ್ನೂ ಚಿಕ್ಕ ವಯಸ್ಸಿನವರು, ಆಮೇಲೆ ಒಬ್ಬರೇ ಬಸ್ಸು ಹತ್ತಿ ಬೆಟ್ಟಕ್ಕೆ ಬಂದಿದ್ದರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿದರು, "ನಿಮ್ಮ ಕೋಲು ಸೊಳ್ಳೆ ಕಡಿತ ಅಂಕಲ್. ಕ್ರಷರ್ ಆನೆ ತುಳಿತ. ಎರಡು ವರ್ಷದ್ದು ಪೂರ್ತಿ ಗ್ರಾಫಲ್ಲಿ ಇದೆ."

"ಮತ್ತೆ ಅವತ್ತೇ ಹೇಳ್ಬಾರದಾಗಿತ್ತಾ ಮೇಡಂ?"

"ಹೇಳಿದೆ. ಇವತ್ತಿನದು ಮಾತ್ರ ನೋಡೋಣ ಅಂದ್ರು." ಬ್ಯಾಗಿನ ಪಟ್ಟಿ ತಿರುವಿದರು. "ಆಮೇಲೆ ಸುಮ್ಮನಾದೆ. ನಂದೂ ಗುತ್ತಿಗೆ ಕೆಲಸವೇ ಅಂಕಲ್. ಅವರ ಸಹಿ ಬೇಕು."

ಮಾವ ಅವರಿಗೆ ಬೈಯಲಿಲ್ಲ. ಊಟ ಹಾಕಿಸಿ ಬಸ್ಸಿನವರೆಗೆ ಹೋಗಿ ಕಳಿಸಿಬಂದರು. ಮಾವನ ಸಿಟ್ಟಿರುವುದು ವರದಿಯ ಆ ಒಂದೇ ಸಾಲಿನ ಮೇಲೆ. ಅದನ್ನು ಅಳಿಸಿ ಅಂತ ಕೇಳಲು ಪ್ರಧಾನ ಕಚೇರಿಗೂ ಹೋಗಿದ್ದರು. ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರಿಸಿ, "ಇದು ತಾಂತ್ರಿಕ ವಿಷಯ, ನಿಮಗೆ ಅರ್ಥ ಆಗಲ್ಲ" ಅಂತ ಕಳಿಸಿದರು.

"ಏನಂದ್ರಿ ನೀವು?" ಹೆಂಡತಿ ಕೇಳಿದ್ದರು.

"ಸರಿ ಸಾರ್ ಅಂದೆ."

"ಅಷ್ಟೇನಾ?"

"ಬಂಡೆ ಸಿಡಿಯೋದು ಕೇಳ್ಸಲ್ವಾ ಸಾರ್, ಅದಕ್ಕೂ ಡಿಗ್ರಿ ಬೇಕಾ ಅಂತಾನೂ ಅಂದೆ. ಬಸ್ಸಲ್ಲಿ ಬರ್ತಾ, ಕಿಟಕಿ ಹತ್ರ."

ನಾಳೆ ಲಾರಿ ಬರುತ್ತದೆ. ಯಂತ್ರವನ್ನು ಹತ್ತಿ ಸುತ್ತಿ ತೆಗೆದುಕೊಂಡು ಹೋಗುತ್ತಾರೆ. ಮಾವನ ಸಾಮಾನು ಆಗಲೇ ಗಂಟು ಕಟ್ಟಿದೆ. ಕೆಳಗಿನ ಪೇಟೆಯಲ್ಲಿ ಸಿಕ್ಕಿದ ಬಾಡಿಗೆ ಕೋಣೆಯ ಅಡಿಯಲ್ಲಿ ತಗಡಿನ ಡಬ್ಬಿ ಬಡಿಯುವ ಅಂಗಡಿ. "ಅಂತೂ ಸದ್ದಿರೋ ಮನೆ ಸಿಕ್ತು," ಅನ್ನುತ್ತಾರೆ ಹೆಂಡತಿ.

ಹಾಗಿದ್ದ ಮೇಲೆ ಇವತ್ತು, ಈ ಕೊನೆಯ ಬೆಳಗ್ಗೆ, ಕೋಲಿಗೆ ಸಾಕ್ಸು ಯಾಕೆ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಲ್ಲವೇ?

"ಹೌದು," ಮಾವ ಒಪ್ಪುತ್ತಾರೆ. "ಆದ್ರೆ ಸ್ವಿಚ್ ಇನ್ನೂ ಆರಿಸಿಲ್ಲವಲ್ಲ. ನಿಮ್ಮ ಪೇಪರಲ್ಲಿ ಹೊಗಳಿಕೆ ಎಲ್ಲ ಬೇಡ. ಆ ಮನೆಯೋರು ಸದ್ದು ಮಾಡ್ಲಿಲ್ಲ ಅಂತ ಒಂದು ಸಾಲು ಬಂದ್ರೆ ಸಾಕು. ಅವರದ್ದೂ ಒಂದು ಸಾಲು, ನಮ್ಮದೂ ಒಂದು ಸಾಲು."

ನೆಲಮಾಳಿಗೆಯ ಬಾಗಿಲು ಮುಚ್ಚಿ ಮನೆಯ ಹಿಂದೆ ಬರುವಷ್ಟರಲ್ಲಿ ಬೆಳಕಾಗಿದೆ. ಅಲ್ಲಿ ಹೆಂಡತಿ ನಿಂತಿದ್ದಾರೆ. ಹಿಂದೊಮ್ಮೆ ಒಗೆಯುವ ಕಲ್ಲಿದ್ದ ಜಾಗದಲ್ಲಿ ಒಂದು ಚಪ್ಪಡಿ, ಕ್ರಷರಿನ ಲಾರಿಯಿಂದ ದಾರಿಯಲ್ಲಿ ಬಿದ್ದದ್ದು. ನಿನ್ನೆ ಸಂಜೆ ಯಾರಿಗೂ ಹೇಳದೆ ಉರುಳಿಸಿ ತಂದಿದ್ದಾರೆ. ಕೈಯಲ್ಲಿ ನೆನೆಸಿದ ಬೆಡ್‌ಶೀಟು.

"ಬೇಡ ಕಣೇ."

"ಒಂದೇ ಒಂದ್ಸಲ ರೀ. ಹೇಗಿದ್ರೂ ನಮ್ಮದೇ ಸದ್ದು ಅಂತ ಬರೆದಾಗಿದೆ. ಮಾಡ್ದೇನೇ ಬೈಸ್ಕೊಂಡೆ, ಮಾಡಿ ಬೈಸ್ಕೋತೀನಿ."

"ಇನ್ನೂ ಬರೀತಾ ಇದೆ ಅದು."

"ಯಾರು ನೋಡ್ತಾರೆ?"

ಮಾವ ಯೋಚಿಸುತ್ತಾರೆ. "ಯಾರೂ ನೋಡಲ್ಲ," ಅನ್ನುತ್ತಾರೆ. ತಡೆಯುವುದಿಲ್ಲ. ಬೆರಳು ತುಟಿಯವರೆಗೆ ಹೋಗಿ, ಅಲ್ಲಿಂದ ಸುಮ್ಮನೆ ಕೆಳಗಿಳಿಯುತ್ತದೆ.

ಹೆಂಡತಿ ಬೆಡ್‌ಶೀಟನ್ನು ಮುದುರಿ ತಲೆಯ ಮೇಲೆತ್ತುತ್ತಾರೆ. ನೀರು ಮೊಣಕೈಯಿಂದ ಹರಿಯುತ್ತದೆ. ಅಷ್ಟರಲ್ಲಿ ಬೆಟ್ಟದ ಬೆನ್ನಿನಿಂದ ಕ್ರಷರ್ ಕೆಮ್ಮಿ, ಗುಡುಗಿ, ಶುರುವಾಗುತ್ತದೆ. ಒಳಗೆ ಲೋಟಗಳು ಬಟ್ಟೆಯ ನಡುವೆಯೂ ಗಿಣಿಗಿಣಿ ಅನ್ನುತ್ತವೆ. ಅವರು ಆ ಕಡೆ ಒಮ್ಮೆ ನೋಡುತ್ತಾರೆ. ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿ, ಬೆಡ್‌ಶೀಟನ್ನು ಬಕೆಟ್ಟಿನೊಳಗಿಟ್ಟು ಕುಕ್ಕರಗಾಲಲ್ಲಿ ಕೂತು ತಿಕ್ಕತೊಡಗುತ್ತಾರೆ.

"ನಿಮಗೋಸ್ಕರ ಅಂದ್ಕೋಬೇಡಿ," ತಲೆ ಎತ್ತದೆ ಹೇಳುತ್ತಾರೆ. "ಅವರ ಸುಳ್ಳನ್ನ ನನ್ನ ಕೈಯಾರೆ ನಿಜ ಮಾಡಿಕೊಡಲ್ಲ, ಅದಕ್ಕೆ."

ಮಾವ ಕೋಲನ್ನು ಗೋಡೆಗೆ ಒರಗಿಸಿ, ಹಿಂಡಲು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯುತ್ತಾರೆ.