ಒಂದು ಗೋಲಿಗೆ ಮೂವರು ತಪ್ಪಿತಸ್ಥರು

ಮೊನ್ನೆ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಐದನೇ ಮಹಡಿಯ ಹುಡುಗಿಯೊಬ್ಬಳು ಹಾಕಿ ಸ್ಟಿಕ್ಕು ಹಿಡಿದುಕೊಂಡು ಹತ್ತಿದಳು. ತಿರುಗಿ ನಿಲ್ಲುವಾಗ ಸ್ಟಿಕ್ಕಿನ ಬಾಗಿದ ತುದಿ ನನ್ನ ಮೊಣಕಾಲಿನ ಕೆಳಗಿನ ಮೂಳೆಗೆ ಸರಿಯಾಗಿ ಬಡಿಯಿತು. 'ಸಾರಿ ಅಂಕಲ್' ಎಂದಳು. ನೋವಾಯಿತು, ಆದರೆ ನೋವಿಗಿಂತ ಮೊದಲು ನಗು ಬಂದುಬಿಟ್ಟಿತು. ಏಟು ತಿಂದು ನಗುವ ಮನುಷ್ಯನನ್ನು ಕಂಡು ಅವಳು ಗೋಡೆಯ ಕಡೆ ಸರಿದು ನಿಂತಳು. ಪಾಪ, ಅವಳದೇನೂ ತಪ್ಪಿಲ್ಲ. ಅದೇ ಕಾಲಿಗೆ, ಹೆಚ್ಚುಕಡಿಮೆ ಅದೇ ಜಾಗಕ್ಕೆ, ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬರು ಹಾಕಿ ಸ್ಟಿಕ್ಕಿನಿಂದ ಬಾರಿಸಿದ್ದರು. ಲಿಫ್ಟು ಐದು ಮಹಡಿ ಏರುವಷ್ಟರಲ್ಲಿ ಮುಗಿಯುವ ಕತೆಯಲ್ಲ ಅದು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಆಗ ನಾನು ಹೈದರಾಬಾದಿನ ಅಂಚಿನ ಮಣಿಕೊಂಡದಲ್ಲಿ ಬಾಡಿಗೆಗೆ ಇದ್ದೆ. ಊರು ತುಂಬ ಬಂಡೆಗಳು, ಬಂಡೆ ಒಡೆಯುವ ಸದ್ದು, ಆ ಸದ್ದಿನ ಆಚೆಗೆ ಒಂದೊಂದಾಗಿ ಏಳುತ್ತಿದ್ದ ಗಾಜಿನ ಕಟ್ಟಡಗಳು. ಅವುಗಳಲ್ಲೊಂದರಲ್ಲಿ ನನಗೆ ಕೆಲಸ. ಸಾಫ್ಟ್‌ವೇರ್ ಕಂಪನಿ ಎಂದರೆ ಜನ ಆಗ ನನ್ನನ್ನು ಎರಡು ಸಲ ನೋಡುತ್ತಿದ್ದರು. ನಾನು ಸಾಫ್ಟ್‌ವೇರ್ ಬರೆಯುವವನಲ್ಲ, ಬೇರೆಯವರು ಬರೆದದ್ದನ್ನು ಬಳಸುವುದು ಹೇಗೆಂದು ಕೈಪಿಡಿ ಬರೆಯುವವನು ಎಂದಾಗ ಮೂರನೇ ಸಲ ನೋಡುತ್ತಿರಲಿಲ್ಲ.

ಹಾಸನದ ಕಡೆಯವನು ನಾನು, ಮುದ್ದೆ ನುಂಗಿ ಬೆಳೆದವನು. ಮಣಿಕೊಂಡದಲ್ಲಿ ನನಗೆ ಸಿಕ್ಕ ಕನ್ನಡದ ಊಟವೆಂದರೆ ಕಾಶಕ್ಕನ ರೊಟ್ಟಿ ಮೆಸ್ಸು. ತಗಡಿನ ಮಾಡು, ನಾಲ್ಕು ಬೆಂಚು, ಎರಡು ಮೇಜು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೂ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ನಮ್ಮಂಥವರೂ ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದೆವು. ಕಾಶಕ್ಕ ರಾಯಚೂರಿನವರು. ಗಂಡ ಹೋದ ಮೇಲೆ ಮಗಳ ಮದುವೆ ಮಾಡಿ, ಒಬ್ಬರೇ ಈ ಮೆಸ್ಸು ನಡೆಸುತ್ತಿದ್ದರು. ಮೊದಲ ದಿನ ನಾನು ಜೋಳದ ರೊಟ್ಟಿಯನ್ನು ಹಪ್ಪಳದಂತೆ ಮುರಿದು ತಿನ್ನುವುದನ್ನು ನೋಡಿ, 'ತಮ್ಮಾ, ಅದರ ಮ್ಯಾಲೆ ಏನು ಸಿಟ್ಟು ನಿಮಗ? ಪಲ್ಯಾ ಹಚ್ಚಿಕೊಂಡು ತಿನ್ರಿ' ಎಂದಿದ್ದರು. ಅಂದಿನಿಂದ ನಾನು ಅವರಿಗೆ ತಮ್ಮ.

ಒಂದು ಮಧ್ಯಾಹ್ನ ಯಾರದೋ ಮೊಣಕೈ ತಗುಲಿ ಸ್ಟೀಲಿನ ಲೋಟ ಮೇಜಿನಿಂದ ಜಾರಿತು. ಕಾಶಕ್ಕ ನನ್ನ ಕಡೆ ಮುಖ ಮಾಡಿ ಸಾರು ಬಡಿಸುತ್ತಿದ್ದರು. ಲೋಟದ ಕಡೆ ನೋಡಲೇ ಇಲ್ಲ. ಬಲಗಾಲು ಮಾತ್ರ ಸರ್ರನೆ ಪಕ್ಕಕ್ಕೆ ಹೋಯಿತು. ಲೋಟ ಅವರ ಪಾದದ ಒಳಬದಿಗೆ ಬಡಿದು, ಗೋಡೆಯ ಮೂಲೆಗೆ ನೆಟ್ಟಗೆ ಹೋಗಿ ನಿಂತಿತು. ಒಂದು ಹನಿ ಸಾರು ಚೆಲ್ಲಲಿಲ್ಲ.

'ಅಕ್ಕಾ, ಇದು ಹೇಗೆ ಮಾಡಿದಿರಿ?'

'ಏನು?'

'ಲೋಟ.'

'ಓ, ಅದಾ. ಕಾಲಿಗೆ ರೂಢಿ ಆಗೇತ್ರಿ' ಎಂದು ಒಳಗೆ ಹೋದರು.

ಇದಾದ ವಾರಕ್ಕೆ ನಮ್ಮ ಮ್ಯಾನೇಜರಿಗೆ ಒಂದು ಆಲೋಚನೆ ಬಂತು. ಕಂಪನಿಯ ತಿಂಗಳ ಪತ್ರಿಕೆಯಲ್ಲಿ ಹಳೆಯ ಆಟಗಾರರನ್ನು ಮಾತಾಡಿಸಿ ಬರೆಯಬೇಕು, ಓದಿದ ನೌಕರರಿಗೆ ಗೆಲ್ಲುವ ಹುಮ್ಮಸ್ಸು ಬರಬೇಕು. ಬರೆಯುವವನು ಎಂದು ಹೆಸರಿದ್ದವನು ನಾನೊಬ್ಬನೇ. ನನಗೋ ಕ್ರಿಕೆಟ್ಟಿನಲ್ಲಿ ಓವರಿಗೆ ಎಷ್ಟು ಚೆಂಡು ಎಂಬುದೂ ಆಗಾಗ ಅನುಮಾನ. ಎಲ್ಲಿ ಹುಡುಕಲಿ ಎಂದು ಕೂತವನಿಗೆ ಆ ಲೋಟ ನೆನಪಾಯಿತು.

ನಾಲ್ಕು ದಿನ ಕಾಡಿದ ಮೇಲೆ ಕಾಶಕ್ಕ ಬಾಯಿ ಬಿಟ್ಟರು. ಊಟದವರೆಲ್ಲ ಹೋದ ಮೇಲೆ, ಮಧ್ಯಾಹ್ನ ಮೂರಕ್ಕೆ, ಅವರು ಮರುದಿನದ ಜೋಳ ಹಸನು ಮಾಡುತ್ತ ಕೂರುತ್ತಿದ್ದರು, ನಾನು ಎದುರಿಗೆ ನೋಟುಬುಕ್ಕು ಹಿಡಿದು ಕೂರುತ್ತಿದ್ದೆ. ಹೈದರಾಬಾದಿನ ಕಾರ್ಖಾನೆಯೊಂದು ಹೆಣ್ಣುಮಕ್ಕಳ ಹಾಕಿ ತಂಡ ಕಟ್ಟಿತ್ತಂತೆ. ಆಡುವುದೇ ನೌಕರಿ. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಹೆಸರಿಗೆ ಒಂದು ಮೇಜು. ಕಾಶಕ್ಕ ಗೋಲ್‌ಕೀಪರ್. ಏಳು ವರ್ಷ ಆಡಿದರು.

'ಸೀರಿ ಉಟ್ಟುಕೊಂಡು ಮೈದಾನಕ್ಕ ಹೋಗೂದು. ಒಳಗ ಸ್ಕರ್ಟ್ ಹಾಕ್ಕೊಂಡಿರೂದು. ಅಲ್ಲಿ ಹೋಗಿ ಸೀರಿ ಬಿಚ್ಚಿ ಮಡಚಿಟ್ಟು, ಕಾಲಿಗೆ ಪ್ಯಾಡು ಕಟ್ಟೂದು. ಆ ಪ್ಯಾಡು ಮಳಿಗೆ ತೋಯ್ದರ ಒಂದೊಂದು ಕಾಲು ಒಂದೊಂದು ಚೀಲ ಜ್ವಾಳದಷ್ಟು ಭಾರ!' ಎಂದು ನಕ್ಕರು. ರೈಲಿನಲ್ಲಿ ಸೀಟು ಸಿಗದೆ ಸ್ಟಿಕ್ಕುಗಳ ಗಂಟಿನ ಮೇಲೆ ಮಲಗಿ ದಿಲ್ಲಿಗೆ ಹೋದದ್ದು, ಜೀವನದಲ್ಲಿ ಮೊದಲ ಸಲ ಮೊಟ್ಟೆ ತಿಂದದ್ದು, ಅದನ್ನು ಅವ್ವನಿಗೆ ಸಾಯುವವರೆಗೂ ಹೇಳದಿದ್ದದ್ದು, ಒಂದೊಂದೂ ಜೋಳದ ಮೊರದಿಂದ ಹಾರಿ ಬರುತ್ತಿತ್ತು. ಹೇಳುವಾಗ ಐವತ್ತು ವರ್ಷದ ಆ ಮುಖ ಇಪ್ಪತ್ತಾಗುತ್ತಿತ್ತು. ನಾನು ಬರೆಯುವುದನ್ನು ಮರೆತು ಕೇಳುತ್ತಿದ್ದೆ.

'ಆಮೇಲೆ ಯಾಕೆ ಬಿಟ್ಟಿರಿ ಅಕ್ಕಾ?'

ಕೈ ನಿಂತಿತು. 'ಫೈನಲ್ ಇತ್ತು ತಮ್ಮಾ. ಇಲ್ಲೇ ಹೈದರಾಬಾದದಾಗ. ಮುಗಿಯಾಕ ಎರಡು ನಿಮಿಷ ಐತಿ ಅನ್ನೂದರಾಗ ಬಾಲ್ ಬಂತು. ನನ್ನ ಎರಡು ಕಾಲಿನ ನಡುವ ಹೋತು. ಒಂದು ಗೋಲಿನಿಂದ ಸೋತ್ವಿ. ಹತ್ತು ಮಂದಿ ಆಡಿದ್ದು ನನ್ನ ಕಾಲಾಗ ಹೋತು.' ಅಂದು ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಅವರ ಜೊತೆ ಮಾತಾಡಲಿಲ್ಲವಂತೆ. ತಿಂಗಳಲ್ಲಿ ಮದುವೆ ಗೊತ್ತಾಯಿತು, ನೌಕರಿ ಬಿಟ್ಟರು, ಗೆಳತಿಯರಾರಿಗೂ ಹೇಳಲಿಲ್ಲ. ಇಪ್ಪತ್ತೈದು ವರ್ಷದಿಂದ ಒಬ್ಬರ ಮುಖವನ್ನೂ ನೋಡಿಲ್ಲ. 'ಇದನ್ನ ಮಾತ್ರ ಬರೀಬ್ಯಾಡ್ರಿ' ಎಂದು ಮೊರ ಕೈಗೆತ್ತಿಕೊಂಡರು.

ಬರೆಯಲಿಲ್ಲ. ಆದರೆ ಅವರು ಹೇಳಿದ ಎರಡು ಹೆಸರು ಬರೆದುಕೊಂಡಿದ್ದೆ. ಫುಲ್‌ಬ್ಯಾಕ್ ಜುಬೇದಾ, ಕ್ಯಾಪ್ಟನ್ ಸುಶೀಲಾ. ಮ್ಯಾನೇಜರಿಗೆ ಇನ್ನೂ ಇಬ್ಬರು ಆಟಗಾರರು ಬೇಕಿತ್ತು ಎಂಬ ನೆಪ ನನಗಿತ್ತು. ಕಾರ್ಖಾನೆಯ ಹಳೆಯ ನೌಕರರನ್ನು ವಿಚಾರಿಸಿ ಇಬ್ಬರ ವಿಳಾಸವನ್ನೂ ಹಿಡಿದೆ.

ಜುಬೇದಾ ಹೈದರಾಬಾದಿನ ಕೋಠಿ ಪೇಟೆಯ ಗಲ್ಲಿಯೊಂದರಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟಿದ್ದರು. ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲಾದ್ದರಿಂದ ಕನ್ನಡ ಕೇಳಿದ ಕೂಡಲೇ ಹೊಲಿಗೆ ಯಂತ್ರ ನಿಲ್ಲಿಸಿ ಚಹಾ ತರಿಸಿದರು. ನಾನು ಫೈನಲ್ ಎಂದೆನಷ್ಟೆ.

'ಅರೇ, ಆ ಗೋಲಾ? ಅದು ನಂದು ರೀ! ಪೂರಾ ನಂದೇ ಗಲತಿ' ಎಂದರು. 'ನನಗ ಒಂದು ಆಸೆ. ಏಳು ವರ್ಷ ಹಿಂದ ನಿಂತೇ ಆಡೀನಿ, ಒಂದು ಗೋಲ್ ನಾನೂ ಹೊಡೀಬೇಕಂತ. ನನ್ನ ಜಾಗಾ ಬಿಟ್ಟು ಮುಂದ ಓಡಿಬಿಟ್ಟೆ. ಕಾಶಿ ಪಾಪ ಒಬ್ಬಾಕಿನೇ. ಯಾ ಮುಖ ಇಟ್ಕೊಂಡು ಅಕಿ ಜೋಡಿ ಮಾತಾಡ್ಲಿ? ಅಕಿ ನನ್ನ ಮ್ಯಾಲಿನ ಸಿಟ್ಟಿಗೇ ನೌಕರಿ ಬಿಟ್ಟು ಹೋದ್ಲು.'

ಈಗ ನಾನಿರುವ ಮಿಯಾಪುರ ಆಗ ಬಸ್ಸಿನಲ್ಲಿ ನಿದ್ದೆ ಮಾಡಿ ಎದ್ದರೂ ಬಾರದ ಊರು. ಸುಶೀಲಾ ಟೀಚರ್, ಅವರೂ ಕನ್ನಡದವರೇ, ಅಲ್ಲಿ ಮಗನ ಮನೆಯಲ್ಲಿದ್ದರು. ಆಟ ಬಿಟ್ಟ ಮೇಲೆ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವರು, ಮಾತಾಡುವಾಗಲೂ ನೆಟ್ಟಗೆ ಕೂತಿದ್ದರು. ನಾನು ಕೇಳುವ ಮೊದಲೇ ತಾವೇ ಅಲ್ಲಿಗೆ ಬಂದರು.

'ಆ ದಿನ ಅಪ್ಪ ಮೊದಲನೇ ಸಲ ನನ್ನ ಆಟ ನೋಡಾಕ ಬಂದಿದ್ರು. ನಮ್ಮವರಿಗೆ ಬಾಲ್ ಕೊಡೂ ಹೊತ್ತಿಗೆ, ಅಪ್ಪ ನೋಡಾಕತ್ತಾರೋ ಇಲ್ಲೋ ಅಂತ ಒಮ್ಮೆ ಮ್ಯಾಲೆ ನೋಡಿದೆ. ಬಾಲ್ ಎದುರಿನ ಹುಡುಗಿ ಕಡೆ ಹೋತು. ಕಣ್ಣಿಗೆ ಬಿಸಲು ಹೊಡೀತು ಅಂತ ಎಲ್ಲಾರಿಗೂ ಸುಳ್ಳು ಹೇಳೀನಿ. ಕಾಶಿಗೆ ಸುಳ್ಳು ಹೇಳಾಕ ಆಗಲಿಲ್ಲ, ಅದಕ್ಕ ಅಕಿ ಕೂಡ ಮಾತೇ ಆಡಲಿಲ್ಲ.'

ವಾಪಸು ಬರುವಾಗ ಬಸ್ಸಿನಲ್ಲಿ ನೋಟುಬುಕ್ಕು ತೆರೆದು ನೋಡಿದೆ. ಒಂದು ಗೋಲು, ಮೂರು ತಪ್ಪೊಪ್ಪಿಗೆ. ನನ್ನ ಕೆಲಸದ ಜಾಗದಲ್ಲಿ ಒಂದು ತಪ್ಪಿಗೆ ಒಬ್ಬ ಹಕ್ಕುದಾರ ಸಿಕ್ಕುವುದೂ ಕಷ್ಟವಿತ್ತು. ತಕ್ಷಣ ಹೇಳಿಬಿಡಬಹುದಿತ್ತು. ಆದರೆ ನನಗೆ ಜಾಣತನ ಮಾಡುವ ಚಟ. ಮುಂದಿನ ಭಾನುವಾರ ಮಧ್ಯಾಹ್ನ ಇಬ್ಬರನ್ನೂ ಊಟಕ್ಕೆಂದು ಕರೆದೆ. ಎಲ್ಲಿಗೆ, ಯಾರ ಮೆಸ್ಸಿಗೆ ಎಂಬುದನ್ನು ಅವರಿಗೆ ಹೇಳಲಿಲ್ಲ, ಕಾಶಕ್ಕನಿಗೂ ಹೇಳಲಿಲ್ಲ.

ಅಂದು ಬಾಗಿಲಲ್ಲಿ ಇಬ್ಬರನ್ನೂ ಕಂಡ ಕಾಶಕ್ಕನ ಮುಖ ಬಿಳಿಚಿತು. ನನ್ನ ಕಡೆ ಒಂದು ಸಲ ನೋಡಿದರು. ಅಂಥ ನೋಟವನ್ನು ನಾನು ಆಮೇಲೆ ಮದುವೆಯಾದ ಮೇಲೂ ಹೆಚ್ಚು ಸಲ ಕಂಡಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕಿಕೊಂಡರು. ಬೆಂಚುಗಳ ತುಂಬ ಜನ, ರೊಟ್ಟಿ ಬಡಿಯುವ ಸದ್ದು ಬಂದ್. ನಾನು ಮಾಡಿದ್ದು ಎಂಥ ಅವಿವೇಕ ಎಂದು ಆಗ ಹೊಳೆಯಿತು. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಇಷ್ಟು ಜನರ ಎದುರು ತಂದು ನಿಲ್ಲಿಸಿದ್ದೆ.

ಜುಬೇದಾ ಬಾಗಿಲಿಗೆ ಹೋಗಿ ನಿಂತರು. 'ಕಾಶೀ, ಬಾಗಲಾ ತಗಿ.'

ಅಂಗೈಯಿಂದ ಬಾಗಿಲು ಬಡಿದರು.

'ತಗೀತಿಯೋ, ಬಾಗಲಿಗೇ ಶಾರ್ಟ್ ಕಾರ್ನರ್ ಹೊಡೀಲೋ?'

ಆಮೇಲೆ ಒಳಗಿನಿಂದ, ಮೂಗು ಕಟ್ಟಿದ ದನಿ: 'ನಿನ್ನ ಶಾರ್ಟ್ ಕಾರ್ನರ್ ಯಾವತ್ತರ ನೆಟ್ಟಗ ಹೋಗೇತೇನು?'

ಚಿಲಕ ತೆಗೆದ ಸದ್ದಾಯಿತು. ಮೂವರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. ಕಾಶಕ್ಕನ ಕೈಯ ಹಿಟ್ಟು ಟೀಚರ ರೇಷ್ಮೆ ಸೀರೆಗೂ ಜುಬೇದಾರ ಬುರ್ಖಾಕ್ಕೂ ಸಮನಾಗಿ ಹತ್ತಿತು.

ಅತ್ತದ್ದು ಸ್ವಲ್ಪ ಹೊತ್ತು, ಜಗಳ ಆಡಿದ್ದು ಬಹಳ ಹೊತ್ತು. ನನ್ನ ತಪ್ಪು ಎಂದು ಒಬ್ಬರು, ನಿಂದು ಹೆಂಗಾಗ್ತದ ನಂದು ಎಂದು ಇನ್ನೊಬ್ಬರು. ಕೊನೆಗೆ ಟೀಚರು ಮೇಜಿನ ಮೇಲೆ ಲೋಟಗಳನ್ನಿಟ್ಟು ಆ ಎರಡು ನಿಮಿಷವನ್ನು ಮತ್ತೆ ಆಡಿಸಿದರು. ಉಪ್ಪಿನ ಡಬ್ಬಿ ಗೋಲು, ನಿಂಬೆಹಣ್ಣು ಚೆಂಡು, ಎದುರು ತಂಡದ ಹುಡುಗಿಗೆ ಒಂದು ಈರುಳ್ಳಿ. ಊಟಕ್ಕೆ ಬಂದವರೆಲ್ಲ ಕೈ ತೊಳೆಯದೆ ಸುತ್ತ ನಿಂತರು. ಈರುಳ್ಳಿ ಮೂರು ಸಲ ಗೋಲು ಹೊಡೆಯಿತು. ಮೂರು ಸಲವೂ ತಪ್ಪು ಯಾರದೆಂದು ತೀರ್ಮಾನವಾಗಲಿಲ್ಲ.

ಯಾದಗಿರಿ ಕಡೆಯ ಗೌಂಡಿಯೊಬ್ಬ ಗಂಭೀರವಾಗಿ ಕೇಳಿದ. 'ಅಲ್ರಿ ಅಕ್ಕಾರ, ಈ ಉಳ್ಳಾಗಡ್ಡಿ ಯಾರ್ರೀ?'

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಎರಡು ಜಡೆ ಇತ್ತು ಎಂದರು ಕಾಶಕ್ಕ. ಸಣ್ಣ ಹುಡುಗಿ, ಹದಿನೆಂಟೂ ಆಗಿರಲಿಕ್ಕಿಲ್ಲ ಎಂದರು ಜುಬೇದಾ. ಟೀಚರು ಈರುಳ್ಳಿಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

'ಒಂದು ಮಾತು ಹೇಳ್ಲೇನು? ನಾನು ತಪ್ಪು ಕೊಟ್ಟಿದ್ದು ಖರೆ. ಇಕಿ ಜಾಗಾ ಬಿಟ್ಟಿದ್ದೂ ಖರೆ. ಆದ್ರ ಓಡಿಕೋತ ಬಂದು, ಅಷ್ಟು ದೂರದಿಂದ, ಕಾಶಿ ಕಾಲು ಎತ್ತೂದರೊಳಗ... ಆ ಹುಡುಗಿ ಭಾಳ ಛಲೋ ಹೊಡದ್ಲು.'

ಆಮೇಲೆ ಕಾಶಕ್ಕ ಮೆಲ್ಲಗೆ, 'ಹೌದವಾ. ಭಾಳ ಛಲೋ ಹೊಡದ್ಲು' ಎಂದರು. ಹೇಳಿ, ನಕ್ಕರು. ಅವರ ನಗೆಯನ್ನು ನಾನು ಎಷ್ಟೋ ದಿನದಿಂದ ಕಂಡಿದ್ದೆ, ಆದರೆ ಹಾಗೆ ಭುಜ ಕುಲುಕಿ ನಕ್ಕಿದ್ದನ್ನು ಕಂಡದ್ದು ಅದೇ ಮೊದಲು. ಇಪ್ಪತ್ತೈದು ವರ್ಷ ಮೂರು ಜನ ಆ ಗೋಲನ್ನು ತಮ್ಮ ತಮ್ಮ ಮನೆಗೆ ಹೊತ್ತುಕೊಂಡು ಹೋಗಿದ್ದರು. ಹೊಡೆದವಳಿಗೆ ಅದನ್ನು ಕೊಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಬಿಸಿಲು ಇಳಿದ ಮೇಲೆ ಹಿಂದಿನ ಖಾಲಿ ನಿವೇಶನದಲ್ಲಿ ಎರಡು ಸಿಮೆಂಟು ಚೀಲ ಇಟ್ಟು ಗೋಲು ಮಾಡಿದರು. ಜುಬೇದಾ ತಮ್ಮ ಹಳೆಯ ಸ್ಟಿಕ್ಕನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು, ನನಗೆ ತೋರಿಸಲಿಕ್ಕಂತೆ. ನನಗೊಂದು ಬಿದಿರಿನ ಗಳ ಕೊಟ್ಟು ಈರುಳ್ಳಿಯ ಪಾತ್ರಕ್ಕೆ ನೇಮಿಸಿದರು. ಗೌಂಡಿಗಳು ಮರಳಿನ ಗುಡ್ಡೆಯ ಮೇಲೆ ಕೂತು ಸೀಟಿ ಹೊಡೆದರು. ನಾನು ಚೆಂಡಿನ ಹತ್ತಿರ ಹೋಗುವಷ್ಟರಲ್ಲಿ ಜುಬೇದಾ ಅಡ್ಡ ಬಂದರು, ಸ್ಟಿಕ್ಕು ಬೀಸಿದರು, ಏಟು ನನ್ನ ಕಾಲಿನ ಮೂಳೆಗೆ ಬಿದ್ದು ನಕ್ಷತ್ರ ಕಂಡವು. 'ಈ ಸಲ ಜಾಗಾ ಬಿಟ್ಟಿಲ್ಲ ನೋಡು!' ಎಂದು ಕಾಶಕ್ಕನಿಗೆ ಕೂಗಿದರು. ನಾನು ಮಣ್ಣಿನಲ್ಲಿ ಕೂತೇ ಚಪ್ಪಾಳೆ ತಟ್ಟಿದೆ.

ಲೇಖನವನ್ನು ಕಾಶಕ್ಕನ ಒಪ್ಪಿಗೆ ಪಡೆದು ಇದ್ದದ್ದಿದ್ದಂತೆ ಬರೆದೆ. ಮ್ಯಾನೇಜರು ಓದಿ, 'ಎಲ್ಲ ಸರಿ, ಗೆದ್ದದ್ದು ಎಲ್ಲಿ?' ಎಂದು ಕೇಳಿದರು. ಕೊನೆಯ ಪುಟದಲ್ಲಿ, ಹುಟ್ಟುಹಬ್ಬದ ಪಟ್ಟಿಯ ಕೆಳಗೆ ಅಚ್ಚಾಯಿತು. ಗೆಳತಿಯರು ಮಾತ್ರ ಆಮೇಲೆ ಭಾನುವಾರ ತಪ್ಪಿಸಲಿಲ್ಲ. ಮೆಸ್ಸು ಮುಚ್ಚಿ ಕಾಶಕ್ಕ ರಾಯಚೂರಿನ ಮಗಳ ಮನೆಗೆ ಹೋದ ಮೇಲೂ ಮೂವರೂ ಫೋನಿನಲ್ಲಿ ಜಗಳ ಮುಂದುವರಿಸಿದ್ದಾರೆ.

ನಿನ್ನೆ ನಮ್ಮ ಅಪಾರ್ಟ್‌ಮೆಂಟಿನ ಕೇರಂ ಫೈನಲ್ಲಿನಲ್ಲಿ ನಾನು ಮೂರನೇ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರರಿಗೆ ಸೋತೆ. ಬೋರ್ಡು ಓರೆಯಿತ್ತು, ಪೌಡರು ಹೆಚ್ಚಾಗಿತ್ತು, ಟ್ಯೂಬ್‌ಲೈಟು ಮಿನುಗುತ್ತಿತ್ತು, ಮೆಟ್ಟಿಲು ಇಳಿಯುವಾಗಲೇ ಕಾರಣಗಳು ಸಾಲುಗಟ್ಟಿದ್ದವು. ಮನೆಗೆ ಬಂದಾಗ ಹೆಂಡತಿ ಏನಾಯಿತು ಎಂದಳು. 'ಅವರು ತುಂಬ ಚೆನ್ನಾಗಿ ಆಡಿದರು' ಎಂದೆ. ಅವಳು ಜ್ವರವಿದೆಯೋ ಎಂದು ಹಣೆ ಮುಟ್ಟಿ ನೋಡಿದಳು.

ಕಾಶಕ್ಕನಿಗೆ ಫೋನು ಮಾಡಿ ಹೇಳಿದೆ. 'ಅವರಿಗೆ ಹೇಳೀರೇನು?' ಎಂದರು.

'ಏನನ್ನು?'

'ಛಲೋ ಆಡಿದ್ರಿ ಅಂತ. ನಾವು ಆ ಹುಡುಗಿಗೆ ಹೇಳಲಿಲ್ಲ ನೋಡ್ರಿ ತಮ್ಮಾ. ಹೋಗ್ರಿ, ಊಟಕ್ಕ ಕರೀರಿ.'

ಕರೆದೆ. ಪೋಸ್ಟ್‌ಮಾಸ್ಟರರು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷದಿಂದ ಕೇರಂ ಆಡುತ್ತಿದ್ದೇನೆ, ಸೋತವರು ಊಟಕ್ಕೆ ಕರೆದದ್ದು ಇದೇ ಮೊದಲು ಎಂದು ತೆಲುಗಿನಲ್ಲಿ ಹೇಳಿದರು. ಈಗ ಬೆಲ್ಲು ಆಗುತ್ತಿದೆ. ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದಿದ್ದಾರೆ. ಏಳುತ್ತೇನೆ, ಬಾಗಿಲು ತೆಗೆಯಬೇಕು.