ಮೂರನೆಯ ಸೀಟು ಒದ್ದೆಯಾಗುವುದಿಲ್ಲ

ಏಪ್ರಿಲ್ ತಿಂಗಳ ಮೂರನೆಯ ಭಾನುವಾರ, ಬೆಳಗ್ಗೆ ಆರೂ ನಲವತ್ತು. ಶಿಕಾರಿಪುರದ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಮಗಳು, ಅವಳ ಒಂಬತ್ತು ವರ್ಷದ ಮಗಳು ಮತ್ತು ಹಿಂದಿನ ಸಂಜೆ ಸೊರಬದಿಂದ ಬಸ್ಸಿನಲ್ಲಿ ಬಂದಿಳಿದಿದ್ದ ನನ್ನ ಅಕ್ಕ. ಅಳಿಯ ಇರಲಿಲ್ಲ. ಅವನದು ಶಿರಾಳಕೊಪ್ಪದಲ್ಲಿ ಅಂಗಡಿ, ಭಾನುವಾರವೂ ಬಾಗಿಲು ತೆಗೆಯಬೇಕು.

ಆರೂವರೆಗೆ ನಾನು ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತೇನೆ. ಆರೂ ನಲವತ್ತಕ್ಕೆ ಹುಣಸೆಬೀಜದ ಪರೀಕ್ಷೆ. ಮೊಮ್ಮಗಳಿಗೆ ಹುಟ್ಟಿನಿಂದ ಕಿವಿ ಮಂದ, ಎರಡೂ ಕಿವಿಗೆ ಯಂತ್ರ ಇದೆ. ಬೆಳ್ಳುಳ್ಳಿ ಎಸಳಿನಷ್ಟು ದೊಡ್ಡ ಯಂತ್ರ ಕಿವಿಯ ಹಿಂದೆ ಕೂರುತ್ತದೆ. ಅದರಿಂದ ಸಣ್ಣ ನಳಿಕೆಯೊಂದು ಕಿವಿಯೊಳಗೆ ಇಳಿಯುತ್ತದೆ. ನಾನು ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಎಂದು ಆರು ಸದ್ದು ಮಾಡಬೇಕು. ಕೇಳಿಸಿದಾಗಲೆಲ್ಲ ಅವಳು ಸ್ಟೀಲ್ ಬಟ್ಟಲಿಗೆ ಒಂದು ಬೀಜ ಹಾಕಬೇಕು. ಬಲಕ್ಕೆ ಆರು, ಎಡಕ್ಕೆ ಆರು. ಮಾತು ಕಲಿಸುವ ಮೇಡಂ ಹೇಳಿಕೊಟ್ಟ ಈ ಕ್ರಮವನ್ನು ಐದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಅಂದು ಹನ್ನೆರಡೂ ಬೀಜ ಬಟ್ಟಲಿಗೆ ಬಿದ್ದವು. ಆದರೂ ನನಗೆ ಸಮಾಧಾನ ಇರಲಿಲ್ಲ.

ನಾವು ಹೊರಟಿದ್ದುದು ನೀರಾಟದ ಪಾರ್ಕಿಗೆ. ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ಹಿಂದಿನ ವರ್ಷ ಶಾಲೆಯಿಂದ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದರು. ಟೀಚರು ಬುದ್ಧಿವಂತಿಕೆಯಿಂದ ಯಂತ್ರ ಎರಡನ್ನೂ ಬಿಚ್ಚಿಸಿ ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಮೇಲಿಂದ ಧುಮುಕುವ ದೋಣಿಯಲ್ಲಿ ಇವಳೂ ಕೂತಿದ್ದಳು. ಫೋಟೊ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲಿದೆ. ನಾಲ್ಕು ಹುಡುಗಿಯರು, ನಾಲ್ಕು ತೆರೆದ ಬಾಯಿ. ಜನವರಿಯಲ್ಲಿ ಒಂದು ದಿನ ಅವಳು ಅದರ ಮುಂದೆ ನಿಂತು ನನಗೆ ಹೇಳಿದಳು:

"ಅಜ್ಜ, ಎಲ್ರೂ ಬಾಯಿ ತೆಗ್ದಾರೆ ಅಂತ ನಾನೂ ತೆಗ್ದೆ. ಅವ್ರು ಹೆಂಗೆ ಕಿರುಚಿದ್ರು ಅಂತ ನಂಗೆ ಗೊತ್ತೇ ಇಲ್ಲ. ಮಾರನೇ ದಿನ ಕ್ಲಾಸಲ್ಲಿ, ಎಷ್ಟು ಕೂಗಿದ್ವಿ ಅಲ್ವೇನೇ ಅಂದ್ರು. ಹೂಂ ಅಂದೆ."

ಆಮೇಲೆ ಅವಳು ಕೇಳಿದ್ದು ಒಂದೇ. ಆ ದೋಣಿಯಲ್ಲಿ ಯಂತ್ರ ಹಾಕಿಕೊಂಡೇ ಒಂದು ಸಲ ಕೂರಬೇಕು.

ಮಗಳು ಒಪ್ಪಲಿಲ್ಲ. ಅವಳ ಭಯಕ್ಕೆ ಕಾರಣ ಇತ್ತು. ಎರಡು ವರ್ಷದ ಹಿಂದೆ ಬಲಗಡೆಯದು ಮಳೆಯಲ್ಲಿ ನೆನೆದು ಕೆಟ್ಟಿತ್ತು. ರಿಪೇರಿಯಾಗಿ ಬರಲು ಏಳು ವಾರ ಹಿಡಿಯಿತು. ಆ ಏಳು ವಾರದಲ್ಲಿ ಮಗು ಪ್ರಶ್ನೆ ಕೇಳುವುದನ್ನೇ ಬಿಟ್ಟು ಕೊನೆಯ ಬೆಂಚಿಗೆ ಹೋಗಿ ಕೂತಿತ್ತು. ಮತ್ತೆ ಮುಂದಿನ ಬೆಂಚಿಗೆ ತರಲು ಅರ್ಧ ವರ್ಷ ಬೇಕಾಯಿತು. ಇದೆಲ್ಲ ನನಗೂ ಗೊತ್ತಿತ್ತು. ಆದರೂ "ನಾನು ಒದ್ದೆಯಾಗದ ಹಾಗೆ ಕರ್ಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ.

ನಾನು ಪೋಸ್ಟ್‌ಮನ್ ಆಗಿದ್ದವನು. ಸೊರಬದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತನಾಲ್ಕು ಮಳೆಗಾಲ ಸೈಕಲ್ಲಿನ ಮೇಲೆ ಟಪಾಲು ಹೊತ್ತಿದ್ದೇನೆ. ನಾನು ಎಷ್ಟು ನೆನೆದರೂ ಪರವಾಗಿಲ್ಲ, ಚೀಲದೊಳಗಿನ ಕಾಗದ ನೆನೆಯಬಾರದು. ಮಾತು ಕೊಡುವಾಗ ಆ ಧೈರ್ಯ ಇತ್ತು. ಹೊರಡುವ ದಿನ ಬಂದಾಗ ಇರಲಿಲ್ಲ.

ಮೇಜಿನ ಮೇಲೆ ಸಾಮಾನು ಜೋಡಿಸಿದೆ. ಯಂತ್ರ ಒಣಗಿಸುವ ಡಬ್ಬಿ, ಅಂದರೆ ತಳದಲ್ಲಿ ತೇವ ಹೀರುವ ನೀಲಿ ಹರಳು ತುಂಬಿರುವಂಥದ್ದು. ನಳಿಕೆಗೆ ಗಾಳಿ ಊದುವ ರಬ್ಬರಿನ ಬುರುಡೆ, ಹತ್ತಿಬಟ್ಟೆ ನಾಲ್ಕು ತುಂಡು, ಹೊಸ ಬ್ಯಾಟರಿ. ಕೊನೆಗೆ ಗೊಬ್ಬರದ ಚೀಲದ ಒಳಗಿರುವ ಪ್ಲಾಸ್ಟಿಕ್ ಹಾಳೆ, ಮೂರು ಸಲ ತೊಳೆದು ಒಣಗಿಸಿದ್ದು. ಅದನ್ನು ಕೊಪ್ಪೆಯಾಗಿ ಮಡಚಿದೆ. ನಮ್ಮ ಕಡೆ ಗದ್ದೆ ಕೆಲಸದವರು ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವುದು ಇದನ್ನೇ. ಒಂದು ಮೂಲೆಯನ್ನು ಒಳಗೆ ತುರುಕಿದರೆ ತಲೆಗೆ ಟೋಪಿಯಾಗುತ್ತದೆ. ಮೊಮ್ಮಗಳ ತಲೆಗೆ ಇಟ್ಟು, ಕಿವಿ ಮುಚ್ಚುವಂತೆ ಎಳೆದು, ಗದ್ದದ ಕೆಳಗೆ ದಾರ ಕಟ್ಟಿ ನೋಡಿದೆ.

ಅಕ್ಕ ಕಾಫಿ ಲೋಟ ಹಿಡಿದು ನೋಡುತ್ತಿದ್ದಳು. ಅವಳನ್ನು ಕೊಟ್ಟಿರುವುದು ಕುರಿ ಸಾಕುವ ಮನೆಗೆ. ಕೊಪ್ಪೆ ಎಂದರೆ ಅವಳಿಗೆ ಕಂಬಳಿಯ ಕೊಪ್ಪೆಯೇ.

"ಎಂತ ಮಾರಾಯ ಇದು, ಮಗೀನ ರಿಜಿಸ್ಟರ್ ಪಾರ್ಸಲ್ ಮಾಡ್ತಿದೀಯಾ? ಹಣೆ ಮೇಲೊಂದು ಠಸ್ಸೆ ಹೊಡ್ದುಬಿಡು."

"ನೀ ಸುಮ್ನಿರೇ ಅಕ್ಕ."

"ಕಂಬಳಿ ಆದ್ರೆ ಉಸಿರಾಡ್ತದೆ ತಮ್ಮಾ. ಈ ಪ್ಲಾಸ್ಟಿಕ್ಕು ಉಸಿರಾಡಲ್ಲ."

"ದೋಣಿಯಲ್ಲಿ ಕಂಬಳಿ ಹೊದ್ದು ಕೂರಕ್ಕೆ ಬಿಡ್ತಾರೇನೆ?" ಎಂದೆ. ಅಷ್ಟು ಹೇಳಿ ಆ ವಿಷಯ ಮುಗಿಸಿದೆ. ಮುಗಿಸಬಾರದಿತ್ತು.

ಹತ್ತೂ ಕಾಲಿಗೆ ಪಾರ್ಕಿನ ಒಳಗಿದ್ದೆವು. ಯಂತ್ರ ಎರಡೂ ಅವಳ ಕಿವಿಯಲ್ಲೇ ಇದ್ದವು. ನಾನು ಮಗಳು ಮತ್ತು ಅಕ್ಕನ ಜೊತೆ ಮಗುವನ್ನು ನೆರಳಲ್ಲಿ ಕೂರಿಸಿ, ದೋಣಿ ಇಳಿಯುವ ಜಾಗದ ಕಟಕಟೆಗೆ ಒರಗಿ ನಿಂತೆ. ನಾಲ್ಕು ಜನ ಒಬ್ಬರ ಹಿಂದೊಬ್ಬರು ಕೂರುವ ಉದ್ದನೆಯ ದೋಣಿ. ಸರಪಳಿಯ ಮೇಲೆ ಕಟಕಟ ಎನ್ನುತ್ತ ಮೂರು ಮಾಳಿಗೆಯಷ್ಟು ಎತ್ತರ ಏರಿ, ಇನ್ನೊಂದು ಬದಿಯಿಂದ ಕೊಳಕ್ಕೆ ಬೀಳುತ್ತದೆ. ಹನ್ನೊಂದು ದೋಣಿ ನೋಡಿದೆ. ಪ್ರತಿ ಸಲವೂ ಇಳಿದು ಬಂದವರ ಬಟ್ಟೆ ನೋಡಿ ಜೇಬಿನ ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಮೊದಲ ಸೀಟಿನವರಿಗೆ ಮುಖ, ಎದೆ, ತೊಡೆ ಎಲ್ಲ ನೀರು. ಕೊನೆಯ ಸೀಟಿನವರಿಗೆ ಹಿಂದಿನಿಂದ ಬಂದ ಅಲೆ ಬೆನ್ನಿಗೆ. ಎರಡನೆಯವರಿಗೆ ಭುಜ. ಮೂರನೆಯ ಸೀಟಿನವರು ಹನ್ನೊಂದರಲ್ಲಿ ಒಂಬತ್ತು ಸಲ ತಲೆ ಒಣಗಿದ್ದ ಹಾಗೆಯೇ ಇಳಿದರು. ಉಳಿದ ಎರಡು ಸಲ ದೋಣಿಯ ಮುಂದಿನ ಸೀಟಿನಲ್ಲಿ ದಪ್ಪನೆಯವರು ಕೂತಿದ್ದರು, ಮೂತಿ ನೀರಿಗೆ ಕುಕ್ಕಿತ್ತು.

ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದು ಅರ್ಥವಾಗುತ್ತದೆ. ಭಾರ ಹಿಂದಕ್ಕೆ ಬಿದ್ದರೆ ಮುಂದು ಮೇಲೇಳುತ್ತದೆ. ಹೋಗಿ ಕ್ರಮ ಹೇಳಿದೆ. ತೆಳ್ಳಗಿರುವ ಮಗಳು ಮುಂದೆ. ಅವಳ ಹಿಂದೆ ಗೋಡೆಯ ಹಾಗೆ ನಾನು. ಮೂರನೆಯದರಲ್ಲಿ ಮೊಮ್ಮಗಳು. ಕೊನೆಗೆ ಅಕ್ಕ.

"ನಾನ್ಯಾಕಾ ಕೊನೇಗೆ?" ಎಂದಳು ಅಕ್ಕ.

"ದೋಣಿ ಹಿಂದೆ ಭಾರ ಬೇಕು."

"ಅಕ್ಕಿ ಮೂಟೆ ತರಕ್ಕೆ ಆಗಲ್ಲ ಅಂತ ಸೊರಬದಿಂದ ನನ್ನ ಕರೆಸಿದ್ಯಾ!"

ಮೊಮ್ಮಗಳು ನಕ್ಕು ನಕ್ಕು ಅಕ್ಕನ ಮಡಿಲಿಗೆ ಬಿದ್ದಳು. ನನಗೆ ನಗು ಬರಲಿಲ್ಲ. ದೋಣಿ ಸಾಗುವ ಕಾಲುವೆಗೆ ಅಡ್ಡಲಾಗಿದ್ದ ಸೇತುವೆಯ ಮೇಲಿಂದ ಪಿಚಕಾರಿಯಲ್ಲಿ ನೀರು ಹಾರಿಸುವ ಹುಡುಗರ ಕಡೆಗೆ ನನ್ನ ಕಣ್ಣಿತ್ತು. ಅವರ ಕೈಗೆ ಯಾವಾಗ ಏನು ಬರುತ್ತದೋ ಎಂದು, ಸಾಲಿಗೆ ನಿಲ್ಲುವ ಮೊದಲೇ ಕೊಪ್ಪೆ ಹೊದಿಸಿ, ದಾರ ಬಿಗಿಯಾಗಿ ಕಟ್ಟಿದೆ.

ಸಾಲು ನಾನು ಎಣಿಸಿದ್ದಕ್ಕಿಂತ ಉದ್ದ ಇತ್ತು. ನಲವತ್ತು ನಿಮಿಷ, ತಗಡಿನ ಚಾವಣಿಯ ಕೆಳಗೆ, ಏಪ್ರಿಲ್ಲಿನ ಹನ್ನೊಂದೂವರೆ ಗಂಟೆಯ ಸೆಕೆಯಲ್ಲಿ.

"ಅಪ್ಪಾ, ಮಗೀಗೆ ಸೆಕೆ ಆಗತೈತಿ. ಸ್ವಲ್ಪ ಬಿಚ್ಚು" ಎಂದಳು ಮಗಳು.

"ಐದು ನಿಮಿಷ ತಡಿ."

ಅವಳು ಮೂರು ಸಲ ಹೇಳಿದಳು, ಮೂರು ಸಲವೂ ನಾನು ಅದೇ ಉತ್ತರ ಕೊಟ್ಟೆ. ಮಗು ಒಂದು ಮಾತೂ ಆಡಲಿಲ್ಲ. ಬಿಚ್ಚು ಅಂದರೆ ದೋಣಿಯೇ ಬೇಡ ಎಂದು ಬಿಡುತ್ತಾರೇನೋ ಎಂದು ಅವಳ ಹೆದರಿಕೆ. ಅದು ಆಮೇಲೆ ತಿಳಿಯಿತು.

ದೋಣಿ ಹತ್ತಿಸುವ ಹೆಣ್ಣುಮಗಳು ಕೊಪ್ಪೆ ನೋಡಿ ತುಟಿ ಬಿಗಿ ಹಿಡಿದು ನಗು ತಡೆದಳು. "ಯಜಮಾನ್ರೇ, ಕಂಬಿ ಗಟ್ಟಿ ಹಿಡ್ಕೊಳ್ರೀ. ಎದ್ದು ನಿಲ್ಲಬ್ಯಾಡ್ರೀ."

ದೋಣಿ ಹೊರಟಿತು. ಸೇತುವೆಯ ಹುಡುಗರು ಹಾರಿಸಿದ ನೀರು ನನ್ನ ಎಡಭುಜಕ್ಕೆ ಬಿತ್ತು. ತಿರುಗಿ ನೋಡಿದೆ, ಮಗುವಿನ ಮೇಲೆ ಒಂದು ಹನಿಯೂ ಇಲ್ಲ. ಸರಪಳಿ ಹಿಡಿದುಕೊಂಡಿತು, ಮೂತಿ ಮೇಲಕ್ಕೆದ್ದಿತು, ಏರಲು ಶುರುವಾಯಿತು. ಎಲ್ಲ ಎಣಿಸಿದಂತೆಯೇ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದೆ. ಆಗ ಬೆನ್ನಿಗೆ ಸಣ್ಣ ಬೆರಳು ತಾಗಿತು.

"ಅಜ್ಜ, ಎಡಗಡೇದು ಹೋಯ್ತು."

ನನಗೆ ತಟ್ಟನೆ ಅರ್ಥವಾಗಲಿಲ್ಲ. ನೀರು ಬಿದ್ದೇ ಇಲ್ಲವಲ್ಲ! ಸೊಂಟ ತಿರುಚಿ ಹಿಂದಕ್ಕೆ ನೋಡಿದೆ. ಕೊಪ್ಪೆಯ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. ಅವಳ ಕೂದಲು ಸ್ನಾನ ಮಾಡಿದವರ ಹಾಗೆ ಕೆನ್ನೆಗೆ ಅಂಟಿತ್ತು. ಬೆವರು. ಕಿವಿಯ ಹಿಂದೆ, ಯಂತ್ರದ ಮೇಲೆ, ನಳಿಕೆಯ ಬಾಯಲ್ಲಿ, ಎಲ್ಲ ಕಡೆ ಬೆವರು. ಬೇಸಿಗೆಯಲ್ಲಿ ಟಪಾಲನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಒಳಗೇ ತೇವ ಕೂತು ಲಕೋಟೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತ ಪಾಠ ಅದು. ಮಳೆಗಾಲದ ಲೆಕ್ಕವನ್ನು ಏಪ್ರಿಲ್ಲಿಗೆ ಹಾಕಿದ್ದೆ. ಹೊರಗಿನ ನೀರನ್ನು ತಡೆಯುತ್ತ ಕೂತು ಒಳಗಿನದನ್ನು ನಾನೇ ಕಟ್ಟಿಹಾಕಿದ್ದೆ.

"ಬಲಗಡೇದು?"

"ಐತೆ. ಆದ್ರೆ ಕರಕರ ಅಂತೈತೆ."

ತುದಿಗೆ ಇನ್ನು ಏಳೆಂಟು ಅಡಿ ಇತ್ತು. ಕೊಪ್ಪೆ ಇದ್ದರೆ ಬಲಗಡೆಯದೂ ಹೋಗುತ್ತದೆ, ತೆಗೆದರೆ ನೀರಿಗೆ ತಲೆ ಬಯಲು. ನನ್ನ ಹನ್ನೊಂದು ದೋಣಿಯ ಗುರುತಿನ ಮೇಲೆ ಈಗ ನನಗೇ ನಂಬಿಕೆ ಇರಲಿಲ್ಲ. ದಾರದ ಗಂಟು ಬಿಚ್ಚಲಾಗದೆ ಹರಿದೇಬಿಟ್ಟೆ. ಕೊಪ್ಪೆ ಕಿತ್ತು ಕಾಲಡಿಗೆ ಹಾಕಿ ತುಳಿದುಕೊಂಡೆ. ಎರಡೂ ಕೈಯನ್ನು ಬಟ್ಟಲಿನಂತೆ ಮಾಡಿ ಅವಳ ಬಲಗಿವಿಯ ಸುತ್ತ, ಮೇಲೊಂದು ಪಕ್ಕಕ್ಕೊಂದು ಹಿಡಿದೆ. ಗಾಳಿ ಆಡಲೆಂದು ಕಿವಿಗೆ ತಾಗಿಸಲಿಲ್ಲ.

"ಅಪ್ಪಾ, ಕಂಬಿ ಹಿಡ್ಕೋ! ಮುಂದೆ ತಿರುಗು!" ಮಗಳು ಮುಂದಿನಿಂದ ಕೂಗಿದಳು.

ತಿರುಗಲು ಸಮಯವಿರಲಿಲ್ಲ. ದೋಣಿ ಬಿದ್ದದ್ದನ್ನು ನಾನು ನೋಡಲೇ ಇಲ್ಲ. ನೋಡಿದ್ದು ಮಗುವಿನ ಮುಖ ಮಾತ್ರ, ಅದರ ಹಿಂದೆ ಕಣ್ಣು ಮುಚ್ಚಿ ಸೆರಗು ಕಚ್ಚಿಕೊಂಡಿದ್ದ ಅಕ್ಕನ ಮುಖ. ಎಲ್ಲಿಂದಲೋ ಒಂದು ಕೂಗು ಕೇಳಿತು. ಆಮೇಲೆ ಬೆನ್ನಿಗೆ ಒಂದು ಕೊಡ ನೀರು ಸುರಿದ ಹಾಗಾಯಿತು, ಕುತ್ತಿಗೆಯಿಂದ ಚಪ್ಪಲಿಯವರೆಗೆ ತೊಯ್ದೆ. ಹಿಂದಿನಿಂದ ಬಂದ ಅಲೆ ಪೂರ್ತಿ ಅಕ್ಕನಿಗಾಯಿತು. ದೋಣಿ ತೇಲಿ ನಿಂತಾಗ ಮಗುವಿನ ಹಣೆಯ ಮೇಲೆ ಎರಡು ಹನಿ ಇದ್ದವು. ಕಿವಿಯ ಮೇಲೆ ಒಂದೂ ಇರಲಿಲ್ಲ.

"ಕೇಳ್ತಾ?" ಎಂದು ಕೇಳಿದೆ. ನನ್ನ ದನಿ ಒಡೆದಿತ್ತು.

"ಅಮ್ಮ ಅಯ್ಯಯ್ಯೋ ಅಂದ್ಲು. ಸೊರಬದಜ್ಜಿ ಮ್ಮ್ ಮ್ಮ್ ಅಂದ್ರು, ಬಾಯಲ್ಲಿ ಸೆರಗಿತ್ತಲ್ಲ! ನೀರು ಧೊಪ್ ಅಂತು." ನನ್ನ ಕಡೆ ಬೆರಳು ತೋರಿಸಿ, "ಎಲ್ಲಕ್ಕಿಂತ ಜೋರು ನೀನೇ ಅಜ್ಜ."

ನಾನು ಕೂಗಿದ್ದು ನನಗೆ ಗೊತ್ತೇ ಇರಲಿಲ್ಲ.

"ಗೊತ್ತಿಲ್ಲಂತೆ! ನಿನ್ನ ಕೂಗಿಗೆ ಸೊರಬದಲ್ಲಿ ನನ್ನ ಕುರಿ ಎದ್ದು ನಿಂತಿರ್ತಾವೆ" ಎಂದಳು ಅಕ್ಕ, ಸೆರಗು ಹಿಂಡುತ್ತ.

ಎಲ್ಲರೂ ನಕ್ಕರು. ನನ್ನ ತಲೆಯಲ್ಲಿ ಎಡಗಡೆಯದು ಮಾತ್ರ ಇತ್ತು. ನೆರಳಿಗೆ ಬಂದು ಯಂತ್ರ ಬಿಚ್ಚಿದೆ. ನಳಿಕೆಯೊಳಗೆ ಮುತ್ತಿನಂಥ ಒಂದು ಹನಿ ಅಡ್ಡ ಕೂತಿತ್ತು. ರಬ್ಬರ್ ಬುರುಡೆಯಿಂದ ಗಾಳಿ ಊದಿದೆ, ಹನಿ ಹೊರಗೆ ಬಂತು. ಬ್ಯಾಟರಿ ಬದಲಿಸಿದೆ. ಮಾತಾಡಿಸಿದೆ. ಅವಳು ತಲೆ ಅಲ್ಲಾಡಿಸಿದಳು, ಇಲ್ಲ. ತೇವ ನಳಿಕೆಯಲ್ಲಿ ಮಾತ್ರವಲ್ಲ, ಒಳಗೂ ಇಳಿದಿತ್ತು. ಒರೆಸಿ, ಬ್ಯಾಟರಿ ಬಾಗಿಲು ತೆರೆದಿಟ್ಟು, ನೀಲಿ ಹರಳಿನ ಡಬ್ಬಿಗೆ ಹಾಕಿ ಮುಚ್ಚಿದೆ. ಮಗಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮೂರು ಸಲ ಹೇಳಿದವಳು ಅವಳು.

ಮರಳುವ ದಾರಿಯಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಮೊಮ್ಮಗಳು ಬಲಗಿವಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ಕೂತಿದ್ದಳು. ಆ ಏಳು ವಾರ ಎಡಗಿವಿಯನ್ನು ಹೀಗೇ ತಿರುಗಿಸುತ್ತಿದ್ದಳು. ಶಿರಾಳಕೊಪ್ಪದಲ್ಲಿ ಅಳಿಯನ ಅಂಗಡಿ ಎದುರು ಕಾರು ನಿಲ್ಲಿಸಿದೆವು. ಅವನು ಕಿಟಕಿಗೆ ಬಗ್ಗಿ, "ಹೆಂಗಾತು?" ಎಂದ. "ಅಜ್ಜ ಕಿರುಚಿದ್ದು ಕೇಳ್ಸಿತು ಅಪ್ಪಾ" ಎಂದಳು ಮೊಮ್ಮಗಳು.

ಮನೆ ತಲುಪಿದ್ದು ಆರೂವರೆಗೆ. ಸ್ನಾನ, ದೀಪ, ಊಟ ಎಲ್ಲ ಹೊತ್ತಿಗೆ ಸರಿಯಾಗಿ ಆದವು. ಏಳೂವರೆಗೆ ಅಡುಗೆಮನೆಯಲ್ಲಿ ಬಟ್ಟಲು ಇಟ್ಟೆ, ಬೀಜ ಇಟ್ಟೆ, ಡಬ್ಬಿ ತೆರೆದೆ. ಎಡಗಡೆಯದಕ್ಕೆ ಬ್ಯಾಟರಿ ಹಾಕಿ ಅವಳ ಕಿವಿಗೆ ಇಟ್ಟೆ. ಬಲಗಡೆಯದನ್ನು ತೆಗೆಸಿದೆ. ಕಾಗದವನ್ನು ಬಾಯಿಗೆ ಅಡ್ಡ ಹಿಡಿದೆ.

ಆ. ಟಣ್ ಎಂದು ಬೀಜ ಬಿತ್ತು. ಮಗಳು ಗೋಡೆಗೆ ಒರಗಿದಳು. ಊ, ಈ, ಮ್. ನಾಲ್ಕು ಬೀಜ. ಶ್ ಎಂದೆ. ಅವಳು ಹುಬ್ಬು ಗಂಟಿಕ್ಕಿ, ಯೋಚಿಸಿ, ಹಾಕಿದಳು. ಸ್ ಎಂದೆ. ಅವಳು ಕಾದಳು. ಮತ್ತೆ ಸ್ ಎಂದೆ. ಬೀಜ ಅವಳ ಬೆರಳಲ್ಲೇ ಉಳಿಯಿತು. ಬಲಗಡೆಯದು ಕೆಟ್ಟಾಗಲೂ ಮೊದಲು ಹೋದದ್ದು ಈ ಸದ್ದೇ. ಮೂರನೆಯ ಸಲ, ಇದ್ದ ಉಸಿರನ್ನೆಲ್ಲ ಹಾಕಿದೆ.

"ತಮ್ಮಾ," ಎಂದಳು ಅಕ್ಕ, "ನಿನ್ನ ಹಲ್ಲೆಲ್ಲಿ?"

ಬಾಯಿ ಮುಟ್ಟಿ ನೋಡಿಕೊಂಡೆ. ಊಟವಾದ ಮೇಲೆ ಸೆಟ್ಟು ತೆಗೆದು ನೀರಿನ ಲೋಟದಲ್ಲಿ ಹಾಕಿಡುವುದು ನನ್ನ ಕ್ರಮ. ಅಂದೂ ಹಾಗೇ ಮಾಡಿದ್ದೆ.

"ಬೊಚ್ಚುಬಾಯಲ್ಲಿ ಥ್ ಥ್ ಅಂದ್ರೆ ಆ ಮಗೀಗೆ ಎಂತ ಕೇಳ್ಬೇಕು? ಇಲ್ಲಿ ಕೊಡು." ಅಕ್ಕ ಕಾಗದ ಕಿತ್ತುಕೊಂಡು ತನ್ನ ಬಾಯಿಗೆ ಅಡ್ಡ ಹಿಡಿದಳು. ಅವಳಿಗೆ ಎಪ್ಪತ್ತಾರಾದರೂ ಹಲ್ಲು ಸ್ವಂತದ್ದು.

"ಸ್."

ಬಟ್ಟಲಿಗೆ ಬೀಜ ಬಿತ್ತು.

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಪಾತ್ರೆ ತೊಳೆಯಲು ಹೋದಳು. ನಾನು ಮೊಮ್ಮಗಳ ಕಿವಿಯಿಂದ ಯಂತ್ರ ತೆಗೆದೆ, ಒರೆಸಿದೆ, ಎರಡಕ್ಕೂ ಬ್ಯಾಟರಿ ಬಾಗಿಲು ತೆರೆದಿಟ್ಟೆ. ಈಗ ಅವಳಿಗೆ ಏನೂ ಕೇಳುವುದಿಲ್ಲ. ನನ್ನ ಎದುರು ನಿಂತು, ಕಣ್ಣು ಅಗಲಿಸಿ, ಬಾಯಿ ದೊಡ್ಡದಾಗಿ ತೆರೆದು ನಾನು ದೋಣಿಯಲ್ಲಿ ಕೂಗಿದ್ದನ್ನು ಸದ್ದಿಲ್ಲದೆ ಮಾಡಿ ತೋರಿಸಿದಳು. ಹಾಸಿಗೆಯ ಕಡೆಗೆ ಕೈ ತೋರಿಸಿದೆ. ಓಡಿದಳು.

ತೇವ ಹೀರಿದ ಹರಳು ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ತೆಗೆದು ಹೊಸ ನೀಲಿ ಹರಳು ಸುರಿದೆ. ಎಡಗಡೆಯದನ್ನು ಎಡಕ್ಕೆ, ಬಲಗಡೆಯದನ್ನು ಬಲಕ್ಕೆ ಇಟ್ಟು ಡಬ್ಬಿಯ ಮುಚ್ಚಳ ಹಾಕಿದೆ. ಗಂಟೆ ಎಂಟಾಗಲು ಐದು ನಿಮಿಷ ಇತ್ತು.