ಹುಳು ಮನೆಯ ಆಸನದ ಕ್ಲಾಸು

ನಮ್ಮ ಅತ್ತೆ ಹುಳು ಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮೂಸಿ ಒಳಗೆ ಬಿಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಮುಡಿಯಲ್ಲಿ ಮಲ್ಲಿಗೆ ಇದ್ದರೆ ತೆಗೆಸುತ್ತಿದ್ದರು. ತಲೆಗೆ ಘಮಘಮಿಸುವ ಎಣ್ಣೆ ಹಚ್ಚಿದವಳನ್ನು ಜಗುಲಿಯಿಂದಲೇ ವಾಪಸ್ ಕಳಿಸುತ್ತಿದ್ದರು. ಬಾಯಲ್ಲಿ ಕಡ್ಡಿಪುಡಿ ಇಟ್ಟುಕೊಂಡೇ ಬರುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮನಿಗೆ ಬಚ್ಚಲು ತೋರಿಸಿ, “ಉಗಿದು, ಬಾಯಿ ಮುಕ್ಕಳಿಸಿ, ಕಾಲು ತೊಳ್ಕೊಂಡು ಬಾರಕ್ಕ” ಎನ್ನುತ್ತಿದ್ದರು. ರೇಷ್ಮೆ ಹುಳುವಿಗೆ ಘಾಟು ವಾಸನೆ ಆಗದು ಎನ್ನುವುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹುಳು ಇದ್ದಷ್ಟು ದಿನ ನಮ್ಮ ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು ಕೇಳುತ್ತಿರಲಿಲ್ಲ. ಗಂಡಸರಿಗೆ ಬೀಡಿ ಸೇದಬೇಕು ಅನ್ನಿಸಿದರೆ ಕಣದ ಆಚೆಗೆ ಹೋಗಬೇಕಿತ್ತು. ಅಂಥ ಮನೆಯಲ್ಲಿ, ಅರವತ್ತರ ದಶಕದ ಒಂದು ಚಳಿಗಾಲ, ಊರಿನ ಹೆಂಗಸರಿಗೆ ಯೋಗಾಸನದ ಕ್ಲಾಸು ನಡೆಯಿತು.

ಜಂಗಮಕೋಟೆಯ ಹತ್ತಿರದ ಹಳ್ಳಿ ನಮ್ಮದು. ನಾನು ಮಂಚೇನಹಳ್ಳಿ ಕಡೆಯಿಂದ ಆ ಮನೆಗೆ ಬಂದ ಸೊಸೆ. ಕ್ಲಾಸು ಹೇಳಲು ಬರುತ್ತಿದ್ದವಳು ಸರ್ಕಾರದವರು ನೇಮಿಸಿದ್ದ ಗ್ರಾಮಸೇವಿಕೆ. ಎರಡು ಜಡೆ ಹಾಕಿಕೊಂಡು ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ನಾವು ಅವಳನ್ನು ಟೀಚರಮ್ಮ ಎಂದು ಕರೆಯುತ್ತಿದ್ದೆವು. ಹೊಲಿಗೆ ಹೇಳಿಕೊಡುವುದು, ಹೊಗೆ ಬಾರದ ಒಲೆ ಕಟ್ಟಿಸುವುದು ಅವಳ ಕೆಲಸ. ಒಂದು ದಿನ ಅತ್ತೆ ಸೊಂಟ ಹಿಡಿದುಕೊಂಡು ಉಸ್ಸಪ್ಪಾ ಎಂದು ಕೂತದ್ದನ್ನು ನೋಡಿ, “ಆಸನ ಮಾಡಿ ಅಮ್ಮ, ಸರಿಹೋಗುತ್ತೆ. ನಮ್ಮ ತಂದೆ ನನಗೆ ಚಿಕ್ಕಂದಿನಿಂದ ಕಲಿಸಿದ್ದಾರೆ” ಎಂದಳು. ಅತ್ತೆ ನಾಲ್ಕು ಜನರನ್ನು ಸೇರಿಸದೆ ಒಂದು ಲೋಟ ಕಾಫಿಯನ್ನೂ ಕುಡಿಯುವವರಲ್ಲ. ಸಂಜೆಯೊಳಗೆ ಕೇರಿಯ ಹೆಂಗಸರನ್ನೆಲ್ಲ ಒಪ್ಪಿಸಿಬಿಟ್ಟರು.

ಆದರೆ ಮಾಡುವುದು ಎಲ್ಲಿ? ಸ್ಕೂಲಿಗೆ ನಾಲ್ಕೂ ಕಡೆ ಕಿಟಕಿ. ದೇವಸ್ಥಾನದ ಮಂಟಪದಲ್ಲಿ ಗಂಡಸರು ಹುಲಿಕಟ್ಟೆ ಆಡುತ್ತಾ ಕೂತಿರುತ್ತಿದ್ದರು. ಅತ್ತೆ ಯೋಚನೆಯನ್ನೇ ಮಾಡದೆ ಹುಳು ಮನೆಯನ್ನು ಬಿಟ್ಟುಕೊಟ್ಟರು. ಅಲ್ಲಿಗೆ ಅವರೇ ಯಜಮಾನಿ. ನಮ್ಮ ಮಾವ ಕೂಡ ಬಾಗಿಲಲ್ಲಿ ಕೆಮ್ಮಿ, ಅಪ್ಪಣೆ ಕೇಳಿ ಒಳಗೆ ಬರುತ್ತಿದ್ದರು.

ಆ ಮನೆಗೆ ಒಂದು ಚಿಕ್ಕ ಒಳಕೋಣೆ, ಮುಂದೆ ಉದ್ದನೆಯ ಹಜಾರ. ಮರಿ ಹುಳುಗಳಿಗೆ ಒಳಕೋಣೆ ಸಾಕು. ಅವು ಬೆಳೆದ ಮೇಲೆ ಹಜಾರದ ತುಂಬ ಬಿದಿರಿನ ತಟ್ಟೆಗಳು ಬರುತ್ತವೆ. ಹುಳು ಆಗಾಗ ತಲೆ ಎತ್ತಿ, ಸೊಪ್ಪು ಬಿಟ್ಟು, ಕಲ್ಲಿನ ಹಾಗೆ ನಿಂತು ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳು ಮೂರನೇ ಜ್ವರದಿಂದ ಏಳುವವರೆಗೆ ಹಜಾರ ಖಾಲಿ, ಅಲ್ಲಿಯವರೆಗೆ ಕ್ಲಾಸು. ಆಮೇಲೆ ಗೂಡು ಬಿಡಿಸಿ, ಮನೆ ಸಾರಿಸಿ, ಮುಂದಿನ ಬೆಳೆಯ ಮರಿ ಹುಳು ಬರುವ ತನಕ ಟೀಚರಮ್ಮನಿಗೆ ರಜೆ.

ಚಳಿಗಾಲದಲ್ಲಿ ಮರಿ ಹುಳುವಿಗೆ ಕಾವು ಬೇಕು. ಹಜಾರದಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ನಡುವಿನ ಬಾಗಿಲು ತೆರೆದಿಡುತ್ತಿದ್ದರು. ಕಿಟಕಿಗೆ ಒದ್ದೆ ಗೋಣಿತಾಟು. ಹೊರಗೆ ಬಾಯಿ ತೆರೆದರೆ ಹೊಗೆ ಬರುವಂಥ ಚಳಿ, ಒಳಗೆ ಬಂದ ಸ್ವಲ್ಪ ಹೊತ್ತಿಗೇ ರವಿಕೆ ಬೆನ್ನಿಗೆ ಅಂಟುತ್ತಿತ್ತು. ಈಗ ನಮ್ಮ ಮೊಮ್ಮಗಳು ಕೋಣೆ ಕಾಯಿಸಿ ಯೋಗ ಮಾಡಿಸುವ ಕ್ಲಾಸಿಗೆ ಹೋಗುತ್ತಾಳೆ. ಲೋಕದಲ್ಲಿ ಯಾರೂ ಕಾಣದ್ದು ಎನ್ನುವ ಹಾಗೆ ವರ್ಣಿಸುತ್ತಾಳೆ. ಎಲ್ಲ ಕೇಳಿ, “ಹುಳ ಎಲ್ಲಿಟ್ಟಿದಾರೆ?” ಎಂದೆ. ಅಜ್ಜಿಗೆ ಅರಳುಮರಳು ಎಂದುಕೊಂಡಿರಬೇಕು.

ಕ್ಲಾಸಿನ ಚೆಂದವನ್ನು ಏನೆಂದು ಹೇಳಲಿ! ಬಗ್ಗಿ ಕಾಲ್ಬೆರಳು ಮುಟ್ಟಿ ಎಂದರೆ ದೊಡ್ಡಮ್ಮ ತಮ್ಮ ಹೊಟ್ಟೆಯನ್ನು ತೋರಿಸಿ, “ಇದನ್ನ ಎಲ್ಲಿಡಲಿ ತಾಯಿ?” ಎನ್ನುತ್ತಿದ್ದರು. ಕೊನೆಗೆ ಮಾಡಿಸುವ ಶವಾಸನದ ಹೆಸರು ಕೇಳಿದ ದಿನ ಅತ್ತೆಗೆ ಸಿಟ್ಟು ನೆತ್ತಿಗೇರಿತು. “ಹುಳು ಮನೇಲಿ ಹೆಣದ ಮಾತಾ? ಬಿಡ್ತು ಅನ್ನು!” ಪಾಪ, ಟೀಚರಮ್ಮ ಬಿಡ್ತು ಎಂದಳು. ಅವತ್ತಿನಿಂದ ಅದಕ್ಕೆ ‘ಮಲಗೋದು’ ಎಂದೇ ಹೆಸರು. ಎಲ್ಲರಿಗೂ ಚೆನ್ನಾಗಿ ಬರುತ್ತಿದ್ದ ಆಸನ ಅದೊಂದೇ. ದೊಡ್ಡಮ್ಮ ಗೊರಕೆಯನ್ನೂ ಸೇರಿಸಿ ಮಾಡುತ್ತಿದ್ದರು.

ನನಗೆ ಮಾತ್ರ ಆ ಹಜಾರ ಸಂಕಟದ ಜಾಗ. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ನನ್ನ ಬಲಗಾಲು ಸೊರಗಿಹೋಗಿತ್ತು. ಮೀನಖಂಡವೇ ಇಲ್ಲ. ಮಂಡಿಯಿಂದ ಕೆಳಗೆ ಒಂದು ಒನಕೆಯಷ್ಟು ದಪ್ಪ ಇದ್ದರೆ ಹೆಚ್ಚು. ನಡೆಯುವಾಗ ಸ್ವಲ್ಪ ಎಳೆಯುತ್ತೇನೆ ಎನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಕಾಲನ್ನು ಕಂಡವರು ನಮ್ಮ ಅಪ್ಪ ಅಮ್ಮ, ಆಮೇಲೆ ನನ್ನ ಗಂಡ, ಅಷ್ಟೇ ಜನ. ಅವರಂತೂ ಆ ಮಾತು ಎತ್ತುವವರಲ್ಲ. ಹೆಣ್ಣು ಕೇಳಲು ಬಂದಾಗ ಅಪ್ಪ, “ಹುಡುಗಿ ಸ್ವಲ್ಪ ಕಾಲು ಎಳೀತಾಳೆ” ಎಂದಷ್ಟೇ ಹೇಳಿದ್ದನ್ನು ನಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದೆ. ಆ ‘ಸ್ವಲ್ಪ’ ನನ್ನ ಎದೆಯ ಮೇಲೆ ಕೂತಿತ್ತು. ಅತ್ತೆ ಕಾಲನ್ನು ಒಮ್ಮೆ ನೋಡಿದರೆ ನಮ್ಮಪ್ಪ ಮೋಸ ಮಾಡಿದ ಎಂದುಕೊಳ್ಳುವುದಿಲ್ಲವೇ? ಅತ್ತೆ ನನ್ನನ್ನು ತುಂಬ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಕಳೆದುಕೊಳ್ಳಲು ಏನೋ ಇದೆ ಎನ್ನುವ ಭಯ ಅದರಿಂದಲೇ.

ಅದಕ್ಕೇ ನನ್ನ ಸೀರೆ ಯಾವಾಗಲೂ ಪಾದ ಮುಚ್ಚುವಷ್ಟು ಉದ್ದ. ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಬಿಡಿಸಲು ಹೋದಾಗ ಬೇರೆ ಹೆಂಗಸರು ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿ ಕಾಲುವೆ ದಾಟಿದರೆ, ನಾನು ಅಂಚನ್ನು ಕೆಸರಿನಲ್ಲಿ ಎಳೆದುಕೊಂಡು ದಾಟುತ್ತಿದ್ದೆ. ಮನೆಗೆ ಬಂದಾಗ ಅತ್ತೆ ಅಂಚನ್ನು ಹಿಡಿದು ಹಿಂಡಿ ನೀರು ಬೀಳಿಸಿ, “ಎತ್ತಿ ಕಟ್ಕೊಂಡ್ರೆ ಏನೇ ನಿನ್ಗೆ ರೋಗ? ಹುಳ ನೋಡ್ಬೇಕೋ, ನಿನ್ ನೆಗಡಿ ನೋಡ್ಬೇಕೋ?” ಎಂದು ಬೈಯುತ್ತಿದ್ದರು.

ಕ್ಲಾಸಿನಲ್ಲಿ ಟೀಚರಮ್ಮ ಮೊದಲ ದಿನವೇ ಎಲ್ಲರೂ ಕಚ್ಚೆ ಹಾಕಿಕೊಳ್ಳಿ ಎಂದಳು. ನಾಚಿಕೊಂಡು ನಗುತ್ತಾ ಎಲ್ಲರೂ ಹಾಕಿಕೊಂಡರು. ನಾನು ಗೋಡೆಗೆ ಒರಗಿಸಿಟ್ಟಿದ್ದ ಖಾಲಿ ತಟ್ಟೆಗಳ ಮರೆಗೆ ಸರಿದೆ. ಹೊರಗೆ ಉಳಿಯೋಣವೆಂದರೆ, “ಮನೇಲಿ ಕ್ಲಾಸ್ ನಡೆಯೋವಾಗ ಸೊಸೆ ಹೊರಗೆ ಕೂತ್ರೆ ಜನ ಏನಂತಾರೆ?” ಎಂದು ಅತ್ತೆಯ ಹಟ. ಕೂತು ಮಾಡುವವನ್ನು ಹೇಗೋ ಮಾಡುತ್ತಿದ್ದೆ. ಒಂಟಿ ಕಾಲಿನ ಮೇಲೆ ನಿಲ್ಲುವ ವೃಕ್ಷಾಸನ ಬಂದಾಗ ಎಡಗಾಲಿನ ಮೇಲೆ ನಿಂತೆ. ಕಾಲು ಬದಲಿಸಿ ಎಂದಾಗ ಬಲಗಾಲು ಗಡಗಡ ನಡುಗಿತು, ತಟ್ಟೆಗಳ ಮೇಲೆ ಬಿದ್ದೆ. ಟೀಚರಮ್ಮ ಓಡಿ ಬಂದು, “ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟು ಮಾಡಿ, ಸಾಕು” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಅಷ್ಟೂ ಹೆಂಗಸರು ತಿರುಗಿ ನನ್ನನ್ನು ನೋಡಿದರು. ಅದರ ಬದಲು ಬೈದಿದ್ದರೆ ನನಗೆ ಎಷ್ಟೋ ಹಿತವಾಗಿರುತ್ತಿತ್ತು.

ಬಿದ್ದ ಪೆಟ್ಟಿಗೆ ಬಲ ಮಂಡಿ ಊದಿತು. ಮಾರನೆಯ ಬೆಳಿಗ್ಗೆ ಹೆಜ್ಜೆ ಇಡಲಾಗಲಿಲ್ಲ. ಹೇಳಿದರೆ ಎಲ್ಲಿ ತೋರಿಸು ಎನ್ನುತ್ತಾರೆ. ತವರಿನಿಂದ ತಂದಿದ್ದ ನೀಲಗಿರಿ ಎಣ್ಣೆಯ ಸೀಸೆ ಪೆಟ್ಟಿಗೆಯ ತಳದಲ್ಲಿತ್ತು. ಬಾಗಿಲು ಹಾಕಿಕೊಂಡು ಚೆನ್ನಾಗಿ ತಿಕ್ಕಿ, ಮೇಲೆ ಬಟ್ಟೆ ಕಟ್ಟಿ, ಸೀರೆ ಇಳಿಬಿಟ್ಟೆ. ನೋವಿನ ಭರದಲ್ಲಿ ಹುಳುಗಳ ನೆನಪೇ ಆಗಲಿಲ್ಲ. ಅತ್ತೆ ಬಾಗಿಲಲ್ಲಿ ಊರವರನ್ನೆಲ್ಲ ಮೂಸುತ್ತಿದ್ದರೇ ಹೊರತು ಮನೆಯ ಸೊಸೆಯನ್ನು ಮೂಸುವ ಪದ್ಧತಿ ಇರಲಿಲ್ಲ. ಒಳಗೆ ಹೋಗಿ ಕೂತೆ.

ಹೊರಗಿನ ಚಳಿಯಲ್ಲಿ ಅಡಗಿದ್ದ ವಾಸನೆ ಅಗ್ಗಿಷ್ಟಿಕೆಯ ಕಾವಿಗೆ ಎದ್ದಿತು. ಮೊದಲು ದೊಡ್ಡಮ್ಮ ಸೀನಿದರು. ಅತ್ತೆ ಭುಜಂಗಾಸನದಲ್ಲಿ ಎದೆ ಎತ್ತಿ ಮಲಗಿದ್ದವರು ಹಾಗೇ ಮೂಗು ಅರಳಿಸಿದರು. ಅವರ ತವರು ಚಿಂತಾಮಣಿಯ ಆಚೆ, ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. “ಎವರೇ ಅದಿ? ಯಾರೇ ಅದು ಹಚ್ಕೊಂಡು ಬಂದಿರೋರು? ಒಳಗೆ ಹುಳ ಎರಡನೇ ಜ್ವರಕ್ಕೆ ಕೂತಿದೆ, ಮನೆ ಹಾಳು ಮಾಡ್ತೀರಾ?” ಎಂದು ಎದ್ದು ನಡುವಿನ ಬಾಗಿಲು ಎಳೆದು ಮುಚ್ಚಿದರು. ದೊಡ್ಡಮ್ಮ, “ನನ್ನಾಣೆ ನಾನಲ್ಲ, ಬಾಯಿ ನೋಡು ಬೇಕಾದ್ರೆ” ಎಂದು ಬಾಯಿ ತೆರೆದರು. ಅತ್ತೆ ಒಬ್ಬೊಬ್ಬರ ಕೈ, ತಲೆ ಮೂಸುತ್ತಾ ಬಂದರು. ಇನ್ನೊಬ್ಬರ ಮೇಲೆ ಅನುಮಾನ ಹೋಗುವ ಮೊದಲು ತಟ್ಟೆಗಳ ಮರೆಯಿಂದ ಎದ್ದು ನಿಂತೆ.

“ನಾನೇ ಅತ್ತೆ. ಕಾಲಿಗೆ.”

ಅತ್ತೆ ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರು. ಹಂಡೆಯಿಂದ ಬಿಸಿನೀರು ತೋಡಿ, ಸೀಗೆಪುಡಿ ತಂದು, ಕಲ್ಲಿನ ಮೇಲೆ ನನ್ನನ್ನು ಕೂರಿಸಿದರು. ನಾನು ತೊಳ್ಕೋತೀನಿ ಅತ್ತೆ ಎಂದರೂ ಬಿಡಲಿಲ್ಲ. ಸೀರೆ ಎತ್ತಿದರು. ಕಟ್ಟಿದ ಬಟ್ಟೆ ಬಿಚ್ಚಿದರು. ನಾನು ಕಣ್ಣು ಮುಚ್ಚಿಕೊಂಡೆ.

“ಇಷ್ಟೇನಾ?” ಎಂದರು.

ಕಣ್ಣು ಬಿಟ್ಟೆ. ಅವರು ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಳೆ ಮಗುವಿನ ಕಾಲು ನೋಡುವ ಹಾಗೆ ನೋಡುತ್ತಿದ್ದರು. “ನಿಮ್ಮಪ್ಪ ಅತ್ತಿದ್ದು ನೋಡಿ ನಾನು ಇನ್ನೂ ಏನೇನೋ ಅಂದ್ಕೊಂಡಿದ್ದೆ.”

“ನಮ್ಮಪ್ಪ?”

“ಹೂಂ ಕಣೇ. ಲಗ್ನಪತ್ರಿಕೆ ಬರೆಸಿದ ದಿನ ನಿಮ್ಮಾವನ್ನೂ ನನ್ನೂ ಹಿತ್ತಲಿಗೆ ಕರೆದು ಎಲ್ಲಾ ಹೇಳಿದ್ರು. ‘ಬೇಡ ಅನ್ನೋ ಹಂಗಿದ್ರೆ ಈಗ್ಲೇ ಅಂದ್ಬಿಡಿ ತಾಯಿ, ಆಮೇಲೆ ನನ್ ಮಗೂನ ಅನ್ಬೇಡಿ’ ಅಂದ್ರು.”

ಅಪ್ಪ ಮೋಸ ಮಾಡಿದ ಎಂದು ನಾನು ಇಷ್ಟು ವರ್ಷ ನನ್ನೊಳಗೇ ಅವರನ್ನು ಕಟಕಟೆಗೆ ನಿಲ್ಲಿಸಿದ್ದೆ. ಅವರು ಎಲ್ಲವನ್ನೂ ಹೇಳಿ, ಅತ್ತು, ಅದನ್ನು ನನಗೆ ತಿಳಿಯಗೊಡದೆ ಮದುವೆ ಮಾಡಿ ಕಳಿಸಿದ್ದರು. “ಮತ್ತೆ ನೀವು ಒಂದು ದಿನಾನೂ ಕೇಳ್ಲಿಲ್ವಲ್ಲ ಅತ್ತೆ?” ಎಂದೆ.

ಅತ್ತೆ ಸೀಗೆಪುಡಿ ಹಾಕಿ ತಿಕ್ಕುತ್ತಾ, ತಲೆ ಎತ್ತದೆ, “ಜ್ವರದಲ್ಲಿರೋ ಹುಳಾನ ಮುಟ್ಬಾರದು ಕಣಮ್ಮ. ಅದಾಗೇ ಏಳ್ಬೇಕು” ಎಂದರು. ಆಮೇಲೆ ಬೈಗುಳ ಶುರುವಾಯಿತು. ಹುಳುವಿನ ಮನೆಗೆ ನೀಲಗಿರಿ ಹಚ್ಚಿಕೊಂಡು ಬರುವ ಸೊಸೆ ಏಳೇಳು ಜನ್ಮಕ್ಕೂ ಯಾರಿಗೂ ಬೇಡ ಎಂದರು. ನಾನು ಅಳುತ್ತಾ ನಗುತ್ತಾ ಅಷ್ಟನ್ನೂ ಕೇಳಿಸಿಕೊಂಡೆ.

ಹುಳುಗಳ ಚಿಂತೆ ಮಾತ್ರ ಹಾಗೇ ಇತ್ತು. ಅವತ್ತೆಲ್ಲ ಕಿಟಕಿ ತೆರೆದು ಗಾಳಿ ಆಡಿಸಿದೆವು. ಮಾರನೆಯ ಬೆಳಿಗ್ಗೆ ಎದ್ದು ಒಳಕೋಣೆಗೆ ಹೋದಾಗ ಅತ್ತೆ ಆಗಲೇ ತಟ್ಟೆಯ ಮೇಲೆ ಬಗ್ಗಿ ನಿಂತಿದ್ದರು. ಹುಳು ಪೊರೆ ಬಿಟ್ಟು ಎದ್ದಿದ್ದವು. ನಾನು ಹೆಚ್ಚಿದ ಎಳೆ ಸೊಪ್ಪನ್ನು ಉದುರಿಸಿದೆ. ಇಬ್ಬರೂ ಉಸಿರು ಬಿಗಿ ಹಿಡಿದು ನೋಡಿದೆವು. ಒಂದು ತಲೆ ಆಡಿಸಿತು, ಇನ್ನೊಂದು ಎಲೆಯ ಅಂಚಿಗೆ ಬಾಯಿ ಹಾಕಿತು, ನೋಡನೋಡುತ್ತಿದ್ದಂತೆ ತಟ್ಟೆ ತುಂಬ ಮೇಯತೊಡಗಿದವು. ಅತ್ತೆ ನನ್ನ ಬೆನ್ನಿಗೊಂದು ಗುದ್ದಿದರು. ಸಂತೋಷವಾದರೆ ಅವರು ಗುದ್ದುತ್ತಿದ್ದರು.

ಬಿಸಿನೀರಿಗೆ ಮಂಡಿಯ ಊತ ಇಳಿದಿತ್ತು. ಅವತ್ತು ಕ್ಲಾಸಿನಲ್ಲಿ ನಾನು ತಟ್ಟೆಗಳ ಮರೆಗೆ ಹೋಗಲಿಲ್ಲ. ಹಜಾರದ ನಡುವೆ ನಿಂತು ಕಚ್ಚೆ ಹಾಕಿಕೊಂಡೆ. ಯಾರೂ ಹೇಳಿರಲಿಲ್ಲ. ನೆರಿಗೆ ಎರಡು ಸಲ ಜಾರಿತು. ಟೀಚರಮ್ಮ ಎಲ್ಲರಿಗೂ ಉಸಿರು ಎಳೆದು ಹಿಡಿದುಕೊಳ್ಳಲು ಹೇಳಿದ್ದಳು. ಹಿಡಿದವರು ಹಿಡಿದ ಹಾಗೇ ನನ್ನ ಕಾಲನ್ನು ನೋಡುತ್ತಾ ನಿಂತರು. ಟೀಚರಮ್ಮ ಬಿಡಿ ಎನ್ನುವುದನ್ನೇ ಮರೆತಳು. ಅಷ್ಟರಲ್ಲಿ ಅತ್ತೆಯ ದನಿ ಬಂತು.

“ನೋಡಿದ್ದಾಯ್ತಾ? ಹಂಗಾದ್ರೆ ಇನ್ನು ಉಸ್ರು ಬಿಡ್ರಮ್ಮ.”

ದೊಡ್ಡಮ್ಮ ಮೊದಲು ನಕ್ಕರು. ಆಮೇಲೆ ಎಲ್ಲರೂ, ನಾನೂ. ವೃಕ್ಷಾಸನಕ್ಕೆ ಅತ್ತೆ ನನ್ನ ಬಲಕ್ಕೆ ಬಂದು ನಿಂತು ಹೆಗಲು ಕೊಟ್ಟರು. ಒಂಟಿ ಕಾಲಿನಲ್ಲಿ ನಿಲ್ಲುವುದು ಅವರಿಗೂ ಬರುತ್ತಿರಲಿಲ್ಲ, ನನ್ನ ಹೆಗಲನ್ನು ಹಿಡಿದುಕೊಂಡರು. ಇಬ್ಬರೂ ಓಲಾಡಿಕೊಂಡು ನಿಂತೆವು. ಬಲಗಾಲು ನಡುಗುವುದನ್ನು ಬಿಡಲಿಲ್ಲ. ಅದು ಇವತ್ತಿಗೂ ನಡುಗುತ್ತದೆ.

ಕ್ಲಾಸು ಮುಗಿದ ಮೇಲೆ ಸೊಪ್ಪಿಗೆ ಹೊರಟೆ. ಕಚ್ಚೆ ಬಿಚ್ಚಲಿಲ್ಲ. ಕಾಲುವೆಯ ನೀರು ಸೀರೆಯ ಮರೆಯಿಲ್ಲದ ಕಾಲಿಗೆ ಎಷ್ಟು ತಣ್ಣಗಿರುತ್ತದೆ ಎನ್ನುವುದು ನನಗೆ ಮರೆತೇಹೋಗಿತ್ತು. ತೋಟದಲ್ಲಿದ್ದ ಹೆಂಗಸರು ಒಮ್ಮೆ ನೋಡಿದರು, ತಮ್ಮ ಮಾತು ಮುಂದುವರಿಸಿದರು. ಬುಟ್ಟಿ ಹೊತ್ತು ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲಿ ಕಾಯುತ್ತಿದ್ದರು. ಅಭ್ಯಾಸಬಲದಿಂದ ಬಗ್ಗಿ ನನ್ನ ಸೀರೆಯ ಅಂಚನ್ನು ಹಿಂಡಲು ಹಿಡಿದರು. ಅದು ಒದ್ದೆಯಾಗಿರಲೇ ಇಲ್ಲ. ಬಿಡದೆ, ಸ್ವಲ್ಪ ಹೊತ್ತು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು.